ಕೊಟ್ಟಿಗೆಗೆ ಒಯ್ಯುವ ಅಲ್ಟ್ರಾಸೌಂಡ್: ಮೊದಲು ಪ್ರೋಬ್ ನೋಡಿ, ಪರದೆ ಆಮೇಲೆ

ಕೃತಕ ಗರ್ಭಧಾರಣೆ ಮಾಡಿಸಿದ ಹಸುವನ್ನು ಎರಡೂವರೆ, ಮೂರು ತಿಂಗಳಿಗೆ ಗುದದ ಮೂಲಕ ಕೈ ಹಾಕಿಸಿ ಗಬ್ಬ ನೋಡುವುದು ನಮ್ಮಲ್ಲಿ ಹಳೆಯ ರೂಢಿ. ಆಗ ‘ಖಾಲಿ’ ಅಂತ ಗೊತ್ತಾದರೆ 21 ದಿನಕ್ಕೊಮ್ಮೆ ಬರುವ ಬೆದೆ ಮೂರು ಸಲವಾದರೂ ಕೈತಪ್ಪಿರುತ್ತದೆ. ಕೂಗಿ ಕರೆದು ಬೆದೆ ತೋರಿಸುವ ಹಸುವಾದರೆ ಮನೆಯವರೇ ಹಿಡಿಯುತ್ತಾರೆ. ಎಮ್ಮೆಗಳಲ್ಲಿ, ಹಾಲು ಜಾಸ್ತಿ ಕೊಡುವ ಮಿಶ್ರತಳಿ ಹಸುಗಳಲ್ಲಿ ಮೂಕ ಬೆದೆ ಸಾಮಾನ್ಯ, ಅಲ್ಲಿ ದಿನ ಸುಮ್ಮನೆ ಹೋಗುತ್ತದೆ. ಬ್ಯಾಟರಿಯಲ್ಲಿ ನಡೆಯುವ ಅಲ್ಟ್ರಾಸೌಂಡ್ ಕೈಸ್ಕ್ಯಾನರ್ ಈ ಕಾಯುವಿಕೆಯನ್ನು 28ರಿಂದ 30 ದಿನಕ್ಕೆ ಇಳಿಸುತ್ತದೆ. ಪಶುವೈದ್ಯರ ಕೈಗೆ ಬಂದಿರುವ ಇಮೇಜಿಂಗ್ ಸಲಕರಣೆಗಳಲ್ಲಿ ಹೈನುಗಾರನಿಗೆ ನೇರವಾಗಿ ದುಡ್ಡು ಉಳಿಸಿಕೊಡುವುದು ಇದು. ಆದರೆ ‘ಗಬ್ಬ ಬೇಗ ಗೊತ್ತಾಗುತ್ತದೆ’ ಎಂದು ಮಾರುವುದು ಅರ್ಧ ಸತ್ಯ. ಗಬ್ಬದ ಹಸು ಕಾದರೂ ಗಬ್ಬವೇ. ಖಾಲಿ ಹಸುವನ್ನು ಬೇಗ ಹುಡುಕಿ ಮತ್ತೆ ಬೆದೆಗೆ ತರುವುದರಲ್ಲಿದೆ ನಿಜವಾದ ಲಾಭ.

ಮಾರುಕಟ್ಟೆಯಲ್ಲಿರುವುದು ಮುಖ್ಯವಾಗಿ ಮೂರು ಬಗೆ. ಒಂದು, ಸೊಂಟಕ್ಕೋ ಕೊರಳಿಗೋ ಕಟ್ಟಿಕೊಳ್ಳುವ ಪೆಟ್ಟಿಗೆ, ಅದರಿಂದ ಕೇಬಲ್‌ನಲ್ಲಿ ಬರುವ ಲೀನಿಯರ್ ರೆಕ್ಟಲ್ ಪ್ರೋಬ್, ಅಂದರೆ ಗುದದೊಳಗೆ ಹಿಡಿದು ಚಿತ್ರ ತೆಗೆಯುವ, ನೇರ ಮುಖದ ತುಂಡು. ಸ್ಕಾಟ್ಲೆಂಡಿನ ಬಿಸಿಎಫ್ ಕಂಪನಿ ರೂಪಿಸಿ, ಈಗ ಐಎಂವಿ ಇಮೇಜಿಂಗ್ ಹೆಸರಲ್ಲಿ ಬರುವ ಈಝಿ-ಸ್ಕ್ಯಾನ್ ಈ ಜಾತಿಯದು. ಇದೇ ಮಾದರಿಯಲ್ಲಿ ಚೀನಾದ ಪೆಟ್ಟಿಗೆಗಳೂ ಬೇಕಾದಷ್ಟಿವೆ. ಎರಡು, ವೈಫೈ ಮೂಲಕ ಫೋನಿಗೆ ಚಿತ್ರ ಕಳಿಸುವ ಪ್ರೋಬ್. ಮೂರು, ಉದ್ದನೆಯ ಕೋಲಿನ ತುದಿಗೆ ಕೂರಿಸಿದ ಪ್ರೋಬ್, ಅದರಲ್ಲಿ ತೋಳು ಒಳಗೆ ಹಾಕುವ ಕೆಲಸವೇ ಇಲ್ಲ. ದಿನಕ್ಕೆ ಹತ್ತಿಪ್ಪತ್ತು ಹಸು ನೋಡುವ ವೈದ್ಯರಿಗೆ ಮೊದಲನೆಯದೇ ಸರಿ ಅನ್ನುವುದು ನಮ್ಮ ತೀರ್ಮಾನ.

ಪ್ರೋಬಿನಲ್ಲಿ ನೋಡಬೇಕಾದ್ದು ಆವರ್ತನ, ಅಂದರೆ ಅದು ಬಿಡುವ ಶಬ್ದ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂಬುದು. ದೇಹದೊಳಗೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 1540 ಮೀಟರ್. 5 ಮೆಗಾಹರ್ಟ್ಸ್‌ನಲ್ಲಿ ಒಂದು ಅಲೆಯ ಉದ್ದ 0.3 ಮಿಲಿಮೀಟರ್, 7.5ರಲ್ಲಿ 0.2. ಅಲೆ ಚಿಕ್ಕದಾದಷ್ಟು ಚಿತ್ರ ಚುರುಕು, ಆದರೆ ಆಳಕ್ಕೆ ಇಳಿಯುವುದಿಲ್ಲ. 30 ದಿನದ ಭ್ರೂಣ ಒಂದು ಸೆಂಟಿಮೀಟರ್ ಆಸುಪಾಸು ಇರುತ್ತದೆ, ಅಂಡಾಶಯ ಕೈಗೆ ಹತ್ತಿರವೇ ಸಿಗುತ್ತದೆ, ಎರಡಕ್ಕೂ 7.5 ಒಳ್ಳೆಯದು. ನಾಲ್ಕೈದು ಸಲ ಈದು ಗರ್ಭಕೋಶ ಹೊಟ್ಟೆಯೊಳಕ್ಕೆ ಜೋತುಬಿದ್ದ ಹಸುವಿಗೆ 5 ಬೇಕು. ಹಾಗಾಗಿ 5ರಿಂದ 8ರವರೆಗೆ ಬದಲಾಯಿಸಲು ಬರುವ ಬ್ರಾಡ್‌ಬ್ಯಾಂಡ್ ಪ್ರೋಬ್ ಕೇಳಿ. 3.5 ಮೆಗಾಹರ್ಟ್ಸ್‌ನ ಕಾನ್ವೆಕ್ಸ್ (ಉಬ್ಬು ಮುಖದ) ಪ್ರೋಬ್ ಒಂದನ್ನೇ ಕೊಟ್ಟು ‘ಹಸು, ನಾಯಿ, ಮೇಕೆ ಎಲ್ಲಕ್ಕೂ ಇದೇ ಸಾಕು’ ಅನ್ನುವವರಿಂದ ದೂರವಿರಿ. ಮೇಕೆಯ ಹೊಟ್ಟೆಗೆ ಅದು ನಡೆಯುತ್ತದೆ. ಹಸುವಿನ ಗುದದಲ್ಲಿ ಹಿಡಿಯಲೂ ಬಾರದು, ಒಂದು ಸೆಂಟಿಮೀಟರ್ ಭ್ರೂಣ ತೋರಿಸಲೂ ಬಾರದು.

ಡೆಮೋ ದಿನ ಕೊಟ್ಟಿಗೆಗೆ ಹೋಗುವ ಮೊದಲೇ ಒಂದು ಪರೀಕ್ಷೆ ಇದೆ. ಪ್ರೋಬಿಗೆ ಜೆಲ್ ಹಚ್ಚದೆ, ಗಾಳಿಯಲ್ಲೇ ಹಿಡಿದು, ಪೇಪರ್ ಕ್ಲಿಪ್ಪಿನ ಬೆನ್ನನ್ನು ಅದರ ಮುಖದ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ಎಳೆಯಿರಿ. ಕ್ಲಿಪ್ ಮುಟ್ಟಿದ ಜಾಗದಲ್ಲಿ ಪರದೆಯ ಮೇಲೆ ಬೆಳ್ಳಗಿನ ಗೆರೆ ಕೆಳಕ್ಕಿಳಿದು ಕ್ಲಿಪ್ಪಿನ ಜೊತೆಗೇ ಸರಿಯಬೇಕು. ನಡುವೆ ಎಲ್ಲಾದರೂ ಗೆರೆ ಮಾಯವಾದರೆ ಆ ಜಾಗದಲ್ಲಿ ಶಬ್ದ ಹೊರಡಿಸುವ ಕ್ರಿಸ್ಟಲ್ ಸತ್ತಿದೆ, ಇಲ್ಲವೇ ಕೇಬಲ್ಲಿನೊಳಗೆ ತಂತಿ ತುಂಡಾಗಿದೆ. ಸೆಕೆಂಡ್ ಹ್ಯಾಂಡ್ ಮಷೀನು ಕೊಳ್ಳುವವರು ಇದನ್ನು ಮಾಡದೆ ದುಡ್ಡು ಕೊಡಬಾರದು. ಇನ್ನೊಂದು ಪರೀಕ್ಷೆ: ಚಿತ್ರ ಓಡುತ್ತಿರುವಾಗ ಪ್ರೋಬಿನ ಕುತ್ತಿಗೆ ಹತ್ತಿರ ಕೇಬಲ್ ಬಗ್ಗಿಸಿ. ಕಪ್ಪು ಪಟ್ಟೆ ಬಂದು ಹೋದರೆ ಆ ಕೇಬಲ್ಲಿನ ಆಯುಸ್ಸು ಮುಗಿಯುತ್ತ ಬಂದಿದೆ ಎಂದೇ ಅರ್ಥ. ಇಂಥ ಮಷೀನಿನಲ್ಲಿ ಪರದೆ ಒಡೆದು ಮೂಲೆ ಸೇರುವುದಕ್ಕಿಂತ ಕೇಬಲ್ ಕೆಟ್ಟು ಮೂಲೆ ಸೇರುವುದೇ ಹೆಚ್ಚು. ವಾರಂಟಿ ಪತ್ರದಲ್ಲಿ ‘ಪ್ರೋಬ್ ಹೊರತುಪಡಿಸಿ’ ಎಂಬ ಎರಡು ಪದ ಇದೆಯೇ ಎಂದು ಹುಡುಕಿ. ಇದ್ದರೆ ಉಳಿದ ವಾರಂಟಿಯಿಂದ ದೊಡ್ಡ ಉಪಯೋಗವಿಲ್ಲ.

ಪರದೆಯ ವಿಷಯ ಸರಳ. ಬಯಲಲ್ಲಿ ಕಟ್ಟಿದ ಹಸುವನ್ನು ಮಧ್ಯಾಹ್ನದ ಬಿಸಿಲಲ್ಲಿ ನೋಡುವಾಗ ಮಾಮೂಲಿ ಪರದೆ ಕನ್ನಡಿಯಾಗುತ್ತದೆ. ನೆರಳುಗೂಡು ಇರುವ ಪರದೆಯೋ, ಕಣ್ಣಿಗೆ ಕಟ್ಟುವ ಕನ್ನಡಕವೋ ಬೇಕು. ಕನ್ನಡಕದಲ್ಲಿ ಚಿತ್ರ ಚೆನ್ನ, ಇನ್ನೊಂದು ಕೈಯೂ ಖಾಲಿ. ಆದರೆ ಸಗಣಿ ಮೆತ್ತಿದ ನೆಲದಲ್ಲಿ ಹಸು ಒದೆಯಲು ಕಾಲೆತ್ತಿದ್ದು ಕಾಣುವುದಿಲ್ಲ. ಮನೆಯವರಿಗೆ ಚಿತ್ರ ತೋರಿಸಲೂ ಆಗುವುದಿಲ್ಲ. ‘ಡಾಕ್ಟ್ರೇ, ನಮ್ಗೂ ಒಸಿ ತೋರ್ಸಿ’ ಎಂದು ಕೇಳುವ ಊರಲ್ಲಿ ಇದು ಸಣ್ಣ ಕೊರತೆಯಲ್ಲ.

ವೈಫೈ ಪ್ರೋಬಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಕಡಿಮೆ ಬೆಲೆಗೆ ಈಗ ಎಲ್ಲರ ಕಣ್ಣು ಬಿದ್ದಿರುವುದು ಅದರ ಮೇಲೆ. ಭ್ರೂಣ ಬದುಕಿದೆ ಅನ್ನಲು ಇರುವ ಸಾಕ್ಷಿ ಹೃದಯದ ಮಿಣುಕು. 30 ದಿನದ ಆಸುಪಾಸಿನಲ್ಲಿ ಅದು ನಿಮಿಷಕ್ಕೆ 140ಕ್ಕಿಂತ ಹೆಚ್ಚು ಬಡಿಯುತ್ತದೆ, ಅಂದರೆ ಸೆಕೆಂಡಿಗೆ ಎರಡಕ್ಕೂ ಮಿಗಿಲು. ಸೆಕೆಂಡಿಗೆ ಹದಿನೈದು, ಇಪ್ಪತ್ತು ಫ್ರೇಮ್ ಬಂದರೆ ಮಿಣುಕು ತಾನಾಗಿ ಕಣ್ಣಿಗೆ ಬೀಳುತ್ತದೆ. ಸಿಗ್ನಲ್ ತಡವರಿಸಿ ಐದಾರಕ್ಕೆ ಇಳಿದರೆ ಬದುಕಿದ ಭ್ರೂಣವೂ ಸತ್ತಂತೆ ಕಾಣುತ್ತದೆ. ಕೈ ಸರಿಸಿದ್ದಕ್ಕೂ ಚಿತ್ರ ಸರಿಯುವುದಕ್ಕೂ ಅರ್ಧ ಸೆಕೆಂಡ್ ಅಂತರ ಬಿದ್ದರಂತೂ ಗರ್ಭಕೋಶದ ಕೊಂಬಿನ (ಎರಡು ಕವಲುಗಳಲ್ಲಿ ಒಂದರ) ಜಾಡು ಹಿಡಿಯಲಾಗದು. ಕಬ್ಬಿಣದ ಪೈಪು, ತಗಡಿನ ಮಾಡು ಇರುವ ಶೆಡ್ಡಿನಲ್ಲಿ, ಫೋನನ್ನು ನಾಲ್ಕಡಿ ದೂರದಲ್ಲಿ ಬೇರೆಯವರು ಹಿಡಿದಿರುವಾಗ, ಪೂರ್ತಿ ಹತ್ತು ನಿಮಿಷ ಓಡಿಸಿ ನೋಡದೆ ಇದನ್ನು ಕೊಳ್ಳಬೇಡಿ. ನಡುವೆ ಫೋನಿಗೆ ಕರೆ ಬಂದರೆ ಏನಾಗುತ್ತದೆ ಅನ್ನುವುದನ್ನೂ ಪರೀಕ್ಷಿಸಿ. ನಾಯಿ ಬೆಕ್ಕುಗಳ ಕ್ಲಿನಿಕ್ಕಿನಲ್ಲಿ, ಮೇಜಿನ ಪಕ್ಕದ ಕೆಲಸಕ್ಕೆ, ಇದೇ ಸಾಧನ ಚೆನ್ನಾಗಿಯೇ ನಡೆಯುತ್ತದೆ.

ಕೋಲಿನ ಪ್ರೋಬ್ ಭುಜ ನೋವಿರುವವರಿಗೆ, ನೂರಾರು ಹಸುಗಳಿರುವ ಫಾರಂನಲ್ಲಿ ಗಬ್ಬವೋ ಖಾಲಿಯೋ ಎಂದಷ್ಟೇ ಹೇಳುವವರಿಗೆ ವರ. ಅಂಡಾಶಯವನ್ನು ಕೈಯಲ್ಲಿ ಹಿಡಿದು ಪ್ರೋಬಿನ ಮುಂದೆ ತರಲು ಅದರಲ್ಲಿ ಬರುವುದಿಲ್ಲ. ಹೊಸದಾಗಿ ಕಲಿಯುವವರಿಗೆ ಖಂಡಿತ ಬೇಡ.

ಇನ್ನು ಬಳಕೆ. ಮಷೀನು ಕೆಟ್ಟದ್ದು ಎಂದು ಬರುವ ದೂರುಗಳಲ್ಲಿ ಬಹಳಷ್ಟು ಸಗಣಿಯ ದೂರುಗಳು. ಹಸುವನ್ನು ಅಲುಗದಂತೆ ನಿಲ್ಲಿಸುವ ಕಟ್ಟಿಗೆ (ಟ್ರೆವಿಸ್) ಹಾಕಿ ಬಾಲ ಪಕ್ಕಕ್ಕೆ ಕಟ್ಟಿಸಿ, ಗುದನಾಳದ ಸಗಣಿಯನ್ನು ಪೂರ್ತಿ ತೆಗೆಯಬೇಕು. ಪ್ರೋಬಿಗೂ ಕರುಳಿನ ಗೋಡೆಗೂ ನಡುವೆ ಚೂರು ಗಾಳಿ ಇದ್ದರೂ ಪರದೆ ಬೂದಿ ಬಳಿದಂತಾಗುತ್ತದೆ. ಗಾಳಿ ಒಳಹೊಕ್ಕು ಗುದನಾಳ ಉಬ್ಬಿ ಬಿಗಿಯಾದರೆ ಬಲವಂತ ಬೇಡ; ಬೆರಳಿನಿಂದ ಒಂದು ಮಡಿಕೆ ಹಿಡಿದು ಹಿಂದಕ್ಕೆ ಎಳೆದು, ಕರುಳು ಸಡಿಲಾಗುವವರೆಗೆ ಕಾಯಿರಿ. ಪ್ರೋಬಿಗೆ ಗ್ಲೌಸ್ ತೊಡಿಸುವುದಾದರೆ ಬೆರಳಿನ ತುದಿಯೊಳಗೆ ಮೊದಲು ಜೆಲ್ ತುಂಬಿ, ಗುಳ್ಳೆ ಹೊರಗೆ ಹಿಂಡಿ, ಆಮೇಲೆ ಪ್ರೋಬ್ ಇಳಿಸಿ.

ಮೊದಲು ಸಿಗುವುದು ಮೂತ್ರಕೋಶ. ಅದನ್ನು ದಾಟಿ ಓಡಬೇಡಿ, ಅಲ್ಲಿ ಗೇಯ್ನ್ (ಚಿತ್ರದ ಹೊಳಪು) ಹೊಂದಿಸಿಕೊಳ್ಳಿ: ಮೂತ್ರ ಅಪ್ಪಟ ಕಪ್ಪಾಗಿ ಕಾಣುವವರೆಗೆ ಇಳಿಸಿ, ಅಲ್ಲಿಗೆ ನಿಲ್ಲಿಸಿ. ಗೇಯ್ನ್ ಜಾಸ್ತಿಯಾದರೆ ಗರ್ಭದ ನೀರೂ ಬೂದುಬಣ್ಣಕ್ಕೆ ತಿರುಗಿ ಕೀವಿನಂತೆ ಕಾಣುತ್ತದೆ. ಆಳ 8ರಿಂದ 10 ಸೆಂಟಿಮೀಟರಿಗೆ ಇಡಿ. ಆಮೇಲೆ ಎರಡೂ ಕೊಂಬುಗಳನ್ನು ಬುಡದಿಂದ ತುದಿಯವರೆಗೆ ನಿಧಾನವಾಗಿ ಸವರಿ. ಒಂದರಲ್ಲಿ ಭ್ರೂಣ ಸಿಕ್ಕಿತೆಂದು ಇನ್ನೊಂದನ್ನು ಬಿಡಬಾರದು. ಅವಳಿ ತಪ್ಪುವುದು ಅಲ್ಲೇ. ಹೋರಿಗರುವಿನ ಜೊತೆ ಹುಟ್ಟುವ ಹೆಣ್ಣುಗರು ಬಹುಪಾಲು ಬಂಜೆ, ಆದ್ದರಿಂದ ಅವಳಿ ಎಂದು ಮೊದಲೇ ತಿಳಿಯುವುದು ಮನೆಯವರಿಗೂ ಮುಖ್ಯ.

ಈಗ ನಿಜವಾದ ಅಪಾಯ. ಕೊಂಬಿನಲ್ಲಿ ಕಪ್ಪು ನೀರು ಕಂಡಾಕ್ಷಣ ಗಬ್ಬ ಅನ್ನುವುದು ಒಂದು ತಪ್ಪು. ಬೆದೆಯಲ್ಲಿರುವ ಹಸುವಿನಲ್ಲೂ ನೀರು ಇರುತ್ತದೆ. ನೀರಿನ ಜೊತೆಗೆ ಭ್ರೂಣ, ಭ್ರೂಣದಲ್ಲಿ ಮಿಣುಕು, ಅಂಡಾಶಯದಲ್ಲಿ ಪೀತಕಾಯ (ಅಂಡ ಹೊರಬಿದ್ದ ಜಾಗದಲ್ಲಿ ಬೆಳೆಯುವ ಗಂಟು), ಈ ಮೂರೂ ಸಿಗಬೇಕು. ನೀರಿನಲ್ಲಿ ಹಿಮ ಸುರಿದಂತೆ ಚುಕ್ಕಿಗಳು ತೇಲುತ್ತಿದ್ದು ಭ್ರೂಣ ಇಲ್ಲದಿದ್ದರೆ ಕೀವು ತುಂಬಿದ ಗರ್ಭಕೋಶ. ಅಲ್ಲೂ ಪೀತಕಾಯ ಇರುತ್ತದೆ, ಅದರಿಂದಲೇ ಮೋಸಹೋಗುವುದು. ಎರಡನೆಯ ತಪ್ಪು ಇನ್ನೂ ದುಬಾರಿ: 24, 25 ದಿನಕ್ಕೇ ನೋಡಿ, ಭ್ರೂಣ ಕಾಣಲಿಲ್ಲವೆಂದು ಖಾಲಿ ಎಂದು ಬರೆದು, ಬೆದೆಗೆ ತರಲು ಪ್ರೊಸ್ಟಾಗ್ಲಾಂಡಿನ್ ಚುಚ್ಚುವುದು. ಗಬ್ಬವಿದ್ದರೆ ಆ ಇಂಜೆಕ್ಷನ್ನೇ ಅದನ್ನು ಕಳೆಯುತ್ತದೆ. ಹಾಗಾಗಿ 28 ದಿನಕ್ಕಿಂತ ಮೊದಲು ‘ಖಾಲಿ’ ಎಂಬ ತೀರ್ಪು ಕೊಡಬಾರದು. ಎಷ್ಟೇ ಅನುಭವವಿದ್ದರೂ ಅನುಮಾನ ಉಳಿದ ಹಸುವಿಗೆ ಒಂದು ವಾರ ಬಿಟ್ಟು ಮತ್ತೆ ಸ್ಕ್ಯಾನ್, ಅಲ್ಲಿಯವರೆಗೆ ಇಂಜೆಕ್ಷನ್ ಇಲ್ಲ.

30 ದಿನಕ್ಕೆ ಗಬ್ಬ ಎಂದು ಹೇಳಿದ ಹಸು 60 ದಿನಕ್ಕೆ ಖಾಲಿ ಸಿಕ್ಕರೆ ಮಷೀನನ್ನು ಬೈಯುವುದು ಸಹಜ. ಆದರೆ ಈ ನಡುವಿನ ಒಂದು ತಿಂಗಳಲ್ಲಿ ಹಾಲಿನ ಹಸುಗಳ ಒಂದಷ್ಟು ಗಬ್ಬ ತಾನಾಗಿಯೇ ಕರಗಿಹೋಗುತ್ತದೆ. ಮೊದಲ ಸ್ಕ್ಯಾನಿನ ದಿನವೇ ಇದನ್ನು ಮನೆಯವರಿಗೆ ಹೇಳಿ, 60 ದಿನದ ಮರುತಪಾಸಣೆಯ ತಾರೀಖು ಚೀಟಿಯಲ್ಲಿ ಬರೆದುಕೊಡುವುದು ಸೇವೆಯ ಭಾಗ. 60 ದಿನಕ್ಕೆ ಕರು ಆರೇಳು ಸೆಂಟಿಮೀಟರ್ ಉದ್ದವಾಗಿರುತ್ತದೆ, ತಪ್ಪುವ ಮಾತೇ ಇಲ್ಲ. ಅಂದಹಾಗೆ, ಮಷೀನಿನೊಳಗೆ ಭ್ರೂಣದ ಉದ್ದದಿಂದ ವಯಸ್ಸು ಹೇಳುವ, ಹಸುವಿನ ಗರ್ಭದ ಅಳತೆ ಪಟ್ಟಿ ಇದೆಯೇ ನೋಡಿ. ಮನುಷ್ಯರ ಪಟ್ಟಿಯನ್ನೇ ಬಿಟ್ಟು ಮಾರುವವರಿದ್ದಾರೆ. ಮೂರು ತಿಂಗಳು ದಾಟಿ ಗರ್ಭಕೋಶ ಕೆಳಕ್ಕಿಳಿದ ಮೇಲೆ ಮಷೀನಿಗಿಂತ ಅನುಭವಸ್ಥರ ಕೈಯೇ ವೇಗ.

ಪದೇ ಪದೇ ಬೆದೆಗೆ ಬರುವ ಹಸುವಿನ ಅಂಡಾಶಯ ನೋಡುವುದರಲ್ಲಿ ಈ ಸಾಧನ ಕೈಯನ್ನು ಪೂರ್ತಿ ಹಿಂದೆ ಹಾಕುತ್ತದೆ. ಅಂಡ ಬೆಳೆಯುವ ಕೋಶಕ, ಪೀತಕಾಯ ಎರಡೂ ಕೈಗೆ ಗುಂಡಗೆ, ಮೆತ್ತಗೆ ಸಿಗುವ ಗಂಟುಗಳು. ಪರದೆಯಲ್ಲಿ ಕೋಶಕ ಕಪ್ಪು ಗುಳ್ಳೆ, ಪೀತಕಾಯ ಬೂದು ಗಂಟು. ಪೀತಕಾಯದ ನಡುವೆ ಕಪ್ಪು ಪೊಳ್ಳು ಇದ್ದರೆ ಅದು ರೋಗವಲ್ಲ, ಗಾಬರಿ ಬೇಡ. 25 ಮಿಲಿಮೀಟರಿಗಿಂತ ದೊಡ್ಡ ಗುಳ್ಳೆ ಹೋಗದೆ ಉಳಿದರೆ ಸಿಸ್ಟ್. ಅದರ ಗೋಡೆ ಅಳೆಯಿರಿ: 3 ಮಿಲಿಮೀಟರಿಗಿಂತ ದಪ್ಪವಿದ್ದರೆ ಲೂಟಿಯಲ್ ಸಿಸ್ಟ್, ಪ್ರೊಸ್ಟಾಗ್ಲಾಂಡಿನ್‌ಗೆ ಬಗ್ಗುತ್ತದೆ, ತೆಳುವಾಗಿದ್ದರೆ ಫಾಲಿಕ್ಯುಲರ್, ಅದಕ್ಕೆ ಜಿಎನ್‌ಆರ್‌ಎಚ್ ಹಾರ್ಮೋನಿನ ಔಷಧ. ತಪ್ಪು ಇಂಜೆಕ್ಷನ್ನಿಗೆ ಹೋಗುವ ದುಡ್ಡು, ದಿನ ಎರಡೂ ಇಲ್ಲಿ ಉಳಿಯುತ್ತವೆ.

ಎಲ್ಲಕ್ಕೂ ಇದೇ ಸಾಕು ಅಂದುಕೊಳ್ಳಬೇಡಿ. ತಂತಿ, ಮೊಳೆ ನುಂಗಿದ ಹಸುವಿನ ರೆಟಿಕ್ಯುಲಮ್ (ಹೊಟ್ಟೆಯ ಎರಡನೇ ಕೋಣೆ) ನೋಡಲು 3.5 ಮೆಗಾಹರ್ಟ್ಸ್ ಕಾನ್ವೆಕ್ಸ್ ಪ್ರೋಬ್ ಬೇರೆಯೇ ಬೇಕು; ಎದೆಮೂಳೆಯ ಹಿಂದೆ, ಎಡಬದಿಯ ಆರು ಏಳನೇ ಪಕ್ಕೆಲುಬಿನ ನಡುವೆ ಕೂದಲು ಬೋಳಿಸಿ ಇಡಬೇಕು. ಆರೋಗ್ಯವಾಗಿದ್ದರೆ ಮೂರು ನಿಮಿಷಕ್ಕೆ ಮೂರು ಸಲ ಅದು ಸಂಕುಚಿಸುತ್ತದೆ. ಅಷ್ಟು ಬರದಿದ್ದರೆ, ಸುತ್ತ ಬಲೆಯಂಥ ಎಳೆಗಳು ಕಂಡರೆ ಅನುಮಾನ ಗಟ್ಟಿ. ಮೊಳೆಯನ್ನೇ ಕಣ್ಣಾರೆ ನೋಡಬೇಕೆಂದರೆ ಎಕ್ಸ್‌ರೇ ಬೇಕು. ಅಷ್ಟು ದೊಡ್ಡ ಎಕ್ಸ್‌ರೇ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂಥ ದೊಡ್ಡ ಆಸ್ಪತ್ರೆಯ ಕೆಲಸ, ಬೈಕಿನ ಪೆಟ್ಟಿಗೆಯದ್ದಲ್ಲ.

ನಿರ್ವಹಣೆಯಲ್ಲಿ ಪ್ರೋಬ್ ಕೊಲ್ಲುವುದು ಸ್ಪಿರಿಟ್ ಮತ್ತು ಎಣ್ಣೆ. ಎರಡೂ ಅದರ ಮುಖದ ರಬ್ಬರನ್ನು ಬಿರುಕುಬಿಡಿಸುತ್ತವೆ. ಕೊಟ್ಟಿಗೆಯಿಂದ ಕೊಟ್ಟಿಗೆಗೆ ಹೋಗುವ ಮೊದಲು ನೀರಿನಲ್ಲಿ ತೊಳೆದು, ತಯಾರಕರು ಹೇಳಿದ ಸೋಂಕುನಾಶಕದ ದ್ರಾವಣದಲ್ಲಿ ಅದ್ದಿ ಒರೆಸಿ. ಮಷೀನಿಗೆ ಸಿಕ್ಕಿಸುವ ತುದಿ ಮಾತ್ರ ನೀರು ಕಾಣಬಾರದು. ಕೇಬಲ್ಲನ್ನು ಪೆಟ್ಟಿಗೆಗೆ ಬಿಗಿಯಾಗಿ ಸುತ್ತದೆ ದೊಡ್ಡ ಸುರುಳಿ ಮಾಡಿ ಇಡಿ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲಿ ಬಿಟ್ಟ ಲಿಥಿಯಂ ಬ್ಯಾಟರಿ ಬೇಗ ಸೊರಗುತ್ತದೆ. ಕೊಳ್ಳುವಾಗಲೇ ಎರಡನೇ ಬ್ಯಾಟರಿ ಸೇರಿಸಿಯೇ ಬೆಲೆ ಕೇಳಿ.

ಕಾಗದಪತ್ರದ ಮಾತು ಕೊನೆಗೆ ಬಂದರೂ ಅಡ್ವಾನ್ಸ್ ಕೊಡುವ ಮೊದಲು ಮುಗಿಸಬೇಕಾದ್ದು. ಮನುಷ್ಯರ ಭ್ರೂಣಲಿಂಗ ಪತ್ತೆ ತಡೆಯಲು ಬಂದ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯ 3ಬಿ ಕಲಮು, ನೋಂದಣಿ ಇಲ್ಲದವರಿಗೆ ಅಲ್ಟ್ರಾಸೌಂಡ್ ಮಾರುವುದನ್ನೇ ನಿಷೇಧಿಸುತ್ತದೆ. ಪಶುವೈದ್ಯರ ಮಷೀನಿಗೆ ಯಾವ ದಾಖಲೆ ಬೇಕೆಂದು ಜಿಲ್ಲೆಯ ಸಕ್ಷಮ ಪ್ರಾಧಿಕಾರದಿಂದ ಬರಹದಲ್ಲೇ ಉತ್ತರ ಪಡೆಯಿರಿ. ‘ಪಶುಗಳದ್ದು ಸಾರ್, ಏನೂ ಬೇಡ’ ಎಂಬ ಮಾರಾಟಗಾರರ ಬಾಯಿಮಾತು ತಪಾಸಣೆಯ ದಿನ ನಿಲ್ಲುವುದಿಲ್ಲ. ಬಿಲ್ಲಿನಲ್ಲಿ ಮಷೀನಿನದ್ದೂ ಪ್ರತಿಯೊಂದು ಪ್ರೋಬಿನದ್ದೂ ಸೀರಿಯಲ್ ನಂಬರ್ ಇರಲಿ, ರಿಪೇರಿಗೆ ಹೋದ ಪ್ರೋಬ್ ಬದಲಾಗಿ ಬಂದರೆ ಹಿಡಿಯಲೂ ಅದೇ ಬೇಕಾಗುತ್ತದೆ.