ಪಂಪು ಚಿನ್ನ, ಅದರ ಫ್ಲೋಟ್ ಮಾತ್ರ ತಲೆನೋವು

ನೀರಿನಲ್ಲಿ ಮುಳುಗಿಯೇ ಓಡುವ ಈ ಅರ್ಧ ಎಚ್‌ಪಿ ಸಬ್‌ಮರ್ಸಿಬಲ್ ಪಂಪು ನಮ್ಮ ಮನೆಗೆ ಬಂದು ಹಲವು ಮಳೆಗಾಲ ಕಳೆದವು. ನೀರು ಎತ್ತುವ ವಿಷಯದಲ್ಲಿ ಅದು ಕೈಕೊಟ್ಟದ್ದಿಲ್ಲ. ಆದರೂ ಇದರ ಮೇಲೆ ಬಂದಷ್ಟು ಸಿಟ್ಟು ಮನೆಯ ಬೇರೆ ಯಾವ ಮಿಷಿನ್ ಮೇಲೂ ನನಗೆ ಬಂದಿಲ್ಲ. ಕಾರಣ ಅದರ ಫ್ಲೋಟ್. ಪಂಪಿನ ಪಕ್ಕದಲ್ಲಿ ವಯರಿಗೆ ಕಟ್ಟಿಕೊಂಡು ನೇತಾಡುವ ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿ. ನೀರು ಏರಿದಾಗ ತೇಲಿ ಬಂದು ಪಂಪನ್ನು ಆನ್ ಮಾಡಬೇಕು, ಇಳಿದಾಗ ಬಾಗಿ ಆಫ್ ಮಾಡಬೇಕು. ಇರುವುದು ಅದೊಂದೇ ಕೆಲಸ.

ನಿಮಿಷಕ್ಕೆ ಎಷ್ಟು ಲೀಟರ್, ಎಷ್ಟು ವಾಟ್ ಎಂದೆಲ್ಲ ಬರೆಯುವುದಿಲ್ಲ, ಡಬ್ಬದ ಮೇಲೆಯೇ ಇದೆ. ಕಂಪನಿ ಹೆಸರೂ ಬೇಡ. ಈ ತೊಂದರೆ ಈ ಜಾತಿಯ ಯಾವ ಪಂಪಿನಲ್ಲೂ ಬರಬಹುದು.

ಮಂಗಳೂರಿನ ಕುಲಶೇಖರದ ಇಳಿಜಾರಿನಲ್ಲಿ ನಮ್ಮ ಮನೆ. ಕೆಳಗಿನ ಕೋಣೆಯ ಒಂದು ಗೋಡೆ ಗುಡ್ಡ ಕಡಿದ ಜಾಗಕ್ಕೆ ಒತ್ತಿಕೊಂಡಿದೆ. ಅಲ್ಲಿ ನನ್ನ ಹೊಲಿಗೆ ಮಿಷಿನ್, ಗಿರಾಕಿಗಳ ಬಟ್ಟೆ, ಅತ್ತೆಯ ತೆಂಗಿನಕಾಯಿ ರಾಶಿ. ಮೊದಲು ನೀರು ಹಿಂದಿನ ತೋಡಿಗೆ ತಾನಾಗಿ ಹರಿದು ಹೋಗುತ್ತಿತ್ತು. ಹಿಂದೆ ಕಾಂಪೌಂಡ್ ಎದ್ದ ಮೇಲೆ ಆ ದಾರಿ ಮುಚ್ಚಿತು. ಈಗ ಮೂಲೆಯಲ್ಲೊಂದು ಹೊಂಡ ತೋಡಿ, ಅಲ್ಲಿಂದ ಮೇಲಿನ ರಸ್ತೆಯ ಚರಂಡಿಗೆ ನೀರು ಎತ್ತಬೇಕು.

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಇಲ್ಲಿನ ಕೆಂಪು ಕಲ್ಲು, ಮುರಕಲ್ಲು, ಅಂದರೆ ತೂತು ತೂತು. ಗುಡ್ಡ ಕುಡಿದ ನೀರು ಆಟಿ ತಿಂಗಳ (ಜುಲೈ-ಆಗಸ್ಟ್) ಹೊತ್ತಿಗೆ ಗೋಡೆಯ ಬುಡದಲ್ಲಿ ಒಸರಾಗಿ ಬರುತ್ತದೆ, ಮಳೆ ನಿಂತ ಮೇಲೂ ನಿಲ್ಲುವುದಿಲ್ಲ. 2018ರ ಮೇ 29ರಂದು ಮಂಗಳೂರಿನ ರಸ್ತೆಗಳೇ ತೋಡಾದವಲ್ಲ, ಆ ಥರ ನುಗ್ಗುವ ನೀರಲ್ಲ ನಮ್ಮದು. ಹಗಲೂ ರಾತ್ರಿ ನಿಧಾನವಾಗಿ ಬರುವ ನೀರು. ಹಾಗಾಗಿ ದೊಡ್ಡ ಪಂಪು ಬೇಡ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಕೋಣೆಯಲ್ಲಿ ಒಂದು ಇಂಚು ನೀರು ನಿಂತರೆ ಸುಮಾರು 280 ಲೀಟರ್ ಆಗುತ್ತದೆ. ಅರ್ಧ ಎಚ್‌ಪಿಗೆ ಅದು ಲೆಕ್ಕಕ್ಕೇ ಇಲ್ಲ. ಬೇಕಾದದ್ದು ತಾನಾಗಿ ಆನ್ ಆಗಿ ತಾನಾಗಿ ಆಫ್ ಆಗುವ ಪಂಪು. ಫ್ಲೋಟ್ ಇರುವುದನ್ನೇ ತಂದದ್ದು ಅದಕ್ಕೆ.

ಅಂಗಡಿಯಲ್ಲಿ ಮೊದಲು ತೋರಿಸಿದ್ದು ಬಾವಿಗೆ ಇಳಿಸುವ ಓಪನ್‌ವೆಲ್ ಪಂಪು. ನಮ್ಮಲ್ಲಿ ಮನೆಗೊಂದು ಬಾವಿ, ಅವರು ದಿನವೂ ಮಾರುವುದು ಅದನ್ನೇ ಇರಬೇಕು. ಅದು ತಿಳಿನೀರಿಗೆ ಸರಿ. ಕೆಂಪು ಕೆಸರು, ಎಲೆಚೂರು ಸಿಕ್ಕಿದರೆ ನೀರು ತಳ್ಳುವ ಒಳಗಿನ ಚಕ್ರ, ಇಂಪೆಲ್ಲರ್, ಜಾಮ್ ಆಗುತ್ತದೆ. ನೀರಿನ ಹೊರಗೆ ಕೂರುವ ಮೊನೊಬ್ಲಾಕ್ ಅಗ್ಗ, ಆದರೆ ಪೈಪಿನ ಬುಡಕ್ಕೆ ಫುಟ್‌ವಾಲ್ವ್ ಬೇಕು, ಗಾಳಿ ಹಿಡಿದರೆ ನೀರು ತುಂಬಿಸಿ ಪ್ರೈಮ್ ಮಾಡಬೇಕು. ಕೋಣೆಗೆ ನೀರು ತುಂಬಿದರೆ ಅದರ ಮೋಟಾರೇ ಮೊದಲು ಮುಳುಗುವುದು. ಹಾಗಾಗಿ ಕೆಸರುನೀರಿಗೆಂದೇ ಮಾಡಿದ ಡೀವಾಟರಿಂಗ್ ಪಂಪು. ಏಳೆಂಟು ಸಾವಿರದೊಳಗೆ ಮುಗಿಯಬೇಕು ಎನ್ನುವುದು ನನ್ನ ಲೆಕ್ಕ, ಮುಗಿಯಿತು. ಡಬ್ಬದ ಮೇಲಿನ ಒಂದು ಮಾತು ಮಾತ್ರ ತಿಳಿದುಕೊಳ್ಳಿ. ಗರಿಷ್ಠ ಹೆಡ್ ಎಂದು ಬರೆದಿರುತ್ತದಲ್ಲ, ಅಷ್ಟು ಎತ್ತರಕ್ಕೆ ಹೋದಾಗ ಪೈಪಿನಿಂದ ನೀರು ಬೀಳುವುದೇ ಇಲ್ಲ. ದೊಡ್ಡಕ್ಷರದ ಲೀಟರ್ ಲೆಕ್ಕ ಇರುವುದು ಎತ್ತರವೇ ಇಲ್ಲದಾಗ. ನಿಮ್ಮ ಮನೆಯ ಎತ್ತರ ಇದೆರಡರ ನಡುವೆ ಎಲ್ಲೋ ಇರುತ್ತದೆ.

ಇನ್ನು ಫ್ಲೋಟ್ ಪುರಾಣ. ನಮ್ಮ ಹೊಂಡ ಒಂದೂವರೆ ಅಡಿ ಚೌಕ, ಬದಿಗೆಲ್ಲ ಮುರಕಲ್ಲು. ಫ್ಲೋಟ್ ತಿರುಗಾಡಲು ಅದು ಸಾಲದು. ಮುರಕಲ್ಲಿನ ಮೈ ತರಿತರಿ ಅಲ್ವಾ, ಡಬ್ಬಿ ಹೋಗಿ ಅದಕ್ಕೆ ಒರಗಿ ಕೂತುಬಿಡುತ್ತದೆ. ಕೆಳಗೆ ಸಿಕ್ಕಿಕೊಂಡರೆ ನೀರು ಕೋಣೆಗೆ ಬಂದರೂ ಪಂಪು ಎಬ್ಬಿಸುವುದಿಲ್ಲ. ಮೇಲೆ ಸಿಕ್ಕಿಕೊಂಡರೆ ಇನ್ನೂ ಕಷ್ಟ. ಹೊಂಡ ಖಾಲಿಯಾದರೂ ಪಂಪು ಗೊರಗೊರ ಎನ್ನುತ್ತ ಓಡುತ್ತಲೇ ಇರುತ್ತದೆ. ಈ ಮೋಟಾರ್ ತಂಪಾಗುವುದು ಸುತ್ತ ನೀರಿದ್ದರೆ. ಒಣ ಓಡಿದರೆ ಬಿಸಿಯಾಗಿ, ನೀರು ಒಳಗೆ ಬಾರದಂತೆ ತಡೆಯುವ ಸೀಲ್ ಮೊದಲು ಹೋಗುತ್ತದೆ. ಅಲ್ಲಿಂದ ನೀರು ಆಯಿಲ್ ಚೇಂಬರಿಗೆ, ಆಮೇಲೆ ಮೋಟಾರಿನ ತಂತಿ ಸುರುಳಿಗೆ, ಅಂದರೆ ವೈಂಡಿಂಗಿಗೆ. ರಾತ್ರಿ ಮಲಗಿದಲ್ಲಿಂದಲೇ ಆ ಗೊರಗೊರ ಕೇಳಿ ಟಾರ್ಚ್ ಹಿಡಿದು ಇಳಿದದ್ದು ಎಷ್ಟೋ ಸಲ.

ಡಬ್ಬಿ ಗೋಡೆಗೆ ತಾಗದಿರಲಿ ಎಂದು ವಯರನ್ನು ಹಿಡಿಕೆಯ ಕ್ಲಿಪ್ಪಿನಲ್ಲಿ ಎಳೆದು ಗಿಡ್ಡ ಮಾಡಿದೆವು. ಆಗ ಶುರುವಾಯಿತು ಬೇರೆ ಕಾಟ. ಆನ್ ಮಟ್ಟಕ್ಕೂ ಆಫ್ ಮಟ್ಟಕ್ಕೂ ಬೆರಳಷ್ಟೇ ಅಂತರ ಉಳಿಯಿತು. ಪಂಪು ನಿಂತ ಕೂಡಲೇ ಮೇಲಿನ ಪೈಪಿನಲ್ಲಿದ್ದ ನಾಲ್ಕೈದು ಲೀಟರ್ ನೀರು ದಡದಡ ಎಂದು ವಾಪಸ್ ಹೊಂಡಕ್ಕೆ. ಮತ್ತೆ ಫ್ಲೋಟ್ ಮೇಲೆ, ಮತ್ತೆ ಆನ್. ಎತ್ತಿದ ನೀರನ್ನೇ ಪುನಃ ಪುನಃ ಎತ್ತುವ ಕೆಲಸ. ಹೀಗೆ ಗಳಿಗೆಗೊಮ್ಮೆ ಸ್ಟಾರ್ಟ್ ಆದರೆ, ಮೋಟಾರ್ ತಿರುಗಲು ಶುರುಮಾಡಿಸುವ ಕೆಪಾಸಿಟರ್ ಬಾಳುವುದಿಲ್ಲ. ನಮ್ಮದೂ ಹೋಯಿತು. ಪಂಪು ಗುಂಯ್ ಎನ್ನುತ್ತಿತ್ತು, ತಿರುಗುತ್ತಿರಲಿಲ್ಲ. ಕೆಪಾಸಿಟರ್ ಬದಲಿಸಲು ಜಾಸ್ತಿ ಖರ್ಚಿಲ್ಲ, ಆದರೆ ಅಂಗಡಿಯವರ ಉತ್ತರ ಕೇಳಿ ಸಿಟ್ಟು ಬಂತು. "ಹೊಂಡ ಸಣ್ಣದಾಯಿತು ಮೇಡಂ, ಪುಸ್ತಕದಲ್ಲಿ ಬರೆದಿದೆ ನೋಡಿ." ಪುಸ್ತಕದಲ್ಲಿ ಇತ್ತು, ಇರುವೆ ಸಾಲಿನಂಥ ಅಕ್ಷರದಲ್ಲಿ. ದುಡ್ಡು ಎಣಿಸುವ ಮೊದಲು ಹೊಂಡ ಎಷ್ಟು ಅಗಲ ಎಂದು ಒಂದು ಮಾತು ಕೇಳಬಹುದಿತ್ತಲ್ಲ.

ಕೊನೆಗೆ ದಾರಿ ತೋರಿಸಿದ್ದು ನಮ್ಮ ಎಲೆಕ್ಟ್ರಿಷಿಯನ್. ಬಂದು ಹೊಂಡದೊಳಗೆ ಬಗ್ಗಿ ನೋಡಿ, "ಅಕ್ಕ, ಪಂಪಿಗೆ ಎಂತದೂ ಆಗಲಿಲ್ಲ. ಇದಕ್ಕೆ ಆಡ್ಲಿಕ್ಕೆ ಜಾಗ ಇಲ್ಲ ಅಷ್ಟೆ," ಎಂದರು. ಹೊಂಡದ ಒಂದು ಬದಿಯ ಎರಡು ಮುರಕಲ್ಲು ಕೀಳಿಸಿ, ಒಳಗಿನ ಮಣ್ಣು ತೆಗೆಸಿ ಸಿಮೆಂಟ್ ಬಳಿಸಿದರು. ಮೈ ಈಗ ನುಣುಪು. ಫ್ಲೋಟನ್ನು ಪಂಪಿನ ಹಿಡಿಕೆಯಿಂದ ಬಿಡಿಸಿ, ಪಕ್ಕದಲ್ಲಿ ನಿಲ್ಲಿಸಿದ ಪಿವಿಸಿ ಪೈಪಿನ ತುಂಡಿಗೆ ಕ್ಲಾಂಪ್ ಹಾಕಿ ಕಟ್ಟಿದರು. ಪಂಪು ಓಡುವಾಗ ಅದುರಿದರೂ ಫ್ಲೋಟ್ ತನ್ನ ಜಾಗ ಬಿಡುವುದಿಲ್ಲ. ಪೈಪಿಗೊಂದು ಎನ್‌ಆರ್‌ವಿ, ಅಂದರೆ ನೀರನ್ನು ಒಂದೇ ಕಡೆಗೆ ಬಿಡುವ ವಾಲ್ವ್, ಸೇರಿಸಿದರು, ನೀರು ಹಿಂದೆ ಬರುವುದು ನಿಂತಿತು.

ಎನ್‌ಆರ್‌ವಿ ಹಾಕಿದರೆ ಇನ್ನೊಂದು ಕೆಲಸ ಉಂಟು. ಹೊಂಡ ಪೂರ್ತಿ ಒಣಗಿ ಪುನಃ ತುಂಬಿದಾಗ ಪಂಪಿನೊಳಗೆ ಗಾಳಿ ಉಳಿದುಬಿಡುತ್ತದೆ, ಮೇಲೆ ವಾಲ್ವ್ ಮುಚ್ಚಿರುವುದರಿಂದ ಅದಕ್ಕೆ ಹೋಗಲು ದಾರಿ ಇಲ್ಲ. ಮೋಟಾರ್ ತಿರುಗುತ್ತದೆ, ನೀರು ಏರುವುದಿಲ್ಲ. ಅದಕ್ಕೆ ಪಂಪಿಗೂ ವಾಲ್ವಿಗೂ ನಡುವೆ ಪೈಪಿನಲ್ಲಿ ಮೂರು ಮಿಲಿಮೀಟರಿನ ಒಂದು ತೂತು ಕೊರೆಯಬೇಕು. ಪಂಪು ಓಡುವಾಗ ಅಲ್ಲಿಂದ ಚಿರ್ರೆಂದು ನೀರು ಹಾರಿ ಹೊಂಡಕ್ಕೇ ಬೀಳುತ್ತದೆ. ಅದು ಇರಬೇಕಾದದ್ದೇ. "ಎಂತ ಮಾರಾಯ್ತಿ, ಹೊಸ ಪೈಪಿಗೆ ತೂತು ಉಂಟಲ್ಲ!" ಎಂದು ಅತ್ತೆ ಎಂಸೀಲ್ ಕಲಸಿ ಅದನ್ನು ಚಂದ ಮಾಡಿ ಮುಚ್ಚಿಯೇ ಬಿಟ್ಟಿದ್ದರು. ಪುನಃ ಕೊರೆಸಬೇಕಾಯಿತು.

ಅಲ್ಲಿಂದ ಈ ಪಂಪಿನ ಮೇಲೆ ನನಗೆ ಪ್ರೀತಿ ಹುಟ್ಟಿತು ಎಂದರೂ ತಪ್ಪಿಲ್ಲ. ಸಂಜೆ ಚಾ ಆದ ಮೇಲೆ ಕೆಳಗೆ ಇಳಿಯುವುದು ಈಗ ಅಭ್ಯಾಸ. ಮೊದಲು ಪ್ಲಗ್ ಕಿತ್ತು ಮೇಲಿನ ಗೂಟಕ್ಕೆ ಸುತ್ತುತ್ತೇನೆ. ಕರೆಂಟ್ ಸೋರಿದರೆ ತಾನಾಗಿ ಆಫ್ ಆಗುವ 30 ಮಿಲಿಆಂಪ್ ಆರ್‌ಸಿಸಿಬಿ ಸ್ವಿಚ್ ಇದ್ದರೂ ಪ್ಲಗ್ ಕೀಳದೆ ನೀರಿಗೆ ಕೈ ಹಾಕುವುದಿಲ್ಲ, ಮಕ್ಕಳನ್ನು ಹತ್ತಿರ ಬಿಡುವುದೂ ಇಲ್ಲ. ಪಂಪನ್ನು ಹಗ್ಗ ಹಿಡಿದು ಎತ್ತಬೇಕು, ವಯರು ಹಿಡಿದಲ್ಲ. ವಯರು ಎಳೆದರೆ ಅದು ಒಳಗೆ ಹೋಗುವ ಜಾಗ ಸಡಿಲವಾಗಿ ನೀರು ಇಳಿಯುತ್ತದೆ. ತರಕಾರಿಯ ಹಳೆ ಪ್ಲಾಸ್ಟಿಕ್ ಬುಟ್ಟಿಗೆ ಸೊಳ್ಳೆ ಬಲೆ ಸುತ್ತಿ ಅದರೊಳಗೆ ಪಂಪು ಇಟ್ಟಿದ್ದೇನೆ. ಬುಟ್ಟಿಯ ಕೆಳಗೊಂದು ಮುರಕಲ್ಲಿನ ತುಂಡು, ತಳದ ಕೆಸರು ನೇರ ಎಳೆಯದ ಹಾಗೆ. ಬಲೆಗೆ ಹಿಡಿದ ಕೆಂಪು ಲೋಳೆಯನ್ನು ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜುತ್ತೇನೆ. ಕಬ್ಬಿಣದ ಅಂಶ ಇರುವ ನೀರಿನಲ್ಲಿ ಇದು ಎಷ್ಟು ಉಜ್ಜಿದರೂ ಪುನಃ ಬರುತ್ತದೆ. ಫ್ಲೋಟನ್ನು ಒರೆಸಿ, ಒಮ್ಮೆ ಕೈಯಲ್ಲಿ ಮೇಲೆ ಕೆಳಗೆ ಮಾಡಿದರೆ ಒಳಗಿನ ಗುಂಡು ಟಕ್ ಎನ್ನುತ್ತದೆ. ಆ ಟಕ್ ಕೇಳಿಸಿದರೆ ರಾತ್ರಿ ನಿದ್ದೆ.

ಒಂದು ಕೊರತೆ ಈಗಲೂ ಇದೆ. ಪಂಪು ನಿಂತ ಮೇಲೂ ತಳದಲ್ಲಿ ಎರಡು ಇಂಚು ನೀರು ಉಳಿಯುತ್ತದೆ. ಮಲೇರಿಯಾ, ಡೆಂಗಿ ಎಂದರೆ ಬೆಚ್ಚುವ ಊರು ನಮ್ಮದು, ಮಳೆಗಾಲದಲ್ಲಿ ಆರೋಗ್ಯ ಇಲಾಖೆಯವರು ಬಂದು ನಿಂತ ನೀರು ಹುಡುಕುತ್ತಾರೆ. ಮೊಟ್ಟೆಯಿಂದ ಸೊಳ್ಳೆಯಾಗಲು ಹೆಚ್ಚುಕಮ್ಮಿ ಒಂದು ವಾರ ಹತ್ತು ದಿನ ಸಾಕು. ಹಾಗಾಗಿ ಒಸರು ಕಡಿಮೆಯಾದ ದಿನಗಳಲ್ಲಿ ವಾರಕ್ಕೊಮ್ಮೆ ಚೆಂಬಿನಲ್ಲಿ ಗೋರಿ, ಬಟ್ಟೆಯಲ್ಲಿ ಒರೆಸಿ ಒಣಗಿಸುತ್ತೇನೆ. ಬಗ್ಗಲು ಆಗದವರಿಗೆ ಇದು ದೊಡ್ಡ ತಾಪತ್ರಯವೇ.

ಕರೆಂಟ್ ಹೋದರೆ? ನಮ್ಮ ಸಣ್ಣ ಇನ್ವರ್ಟರ್ ಈ ಪಂಪನ್ನು ಎಳೆಯುವುದಿಲ್ಲ. ಸ್ಟಾರ್ಟ್ ಆಗುವಾಗ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಬೇಕು, ಇನ್ವರ್ಟರ್ ಟ್ರಿಪ್ ಆಗುತ್ತದೆ. ಬಕೆಟ್ಟೇ ಗತಿ. ಪೆಟ್ರೋಲ್ ಪಂಪು ತರುವಷ್ಟು ನೀರೂ ಇಲ್ಲ, ದುಡ್ಡೂ ಇಲ್ಲ. ಇನ್ನು ಎತ್ತಿದ ನೀರನ್ನು ಎಲ್ಲಿಗೆ ಬಿಡುತ್ತೀರಿ ಎನ್ನುವುದನ್ನೂ ನೋಡಿಕೊಳ್ಳಿ. ಮಳೆನೀರಿನ ಚರಂಡಿಗೆ ಬಿಡಿ, ಒಳಚರಂಡಿಯ ಮ್ಯಾನ್‌ಹೋಲಿಗೆ ಬೇಡ. ಅದು ತುಂಬಿ ಬೇರೆಯವರ ಅಂಗಳದಲ್ಲಿ ಉಕ್ಕುತ್ತದೆ, ಜಗಳ ಅಲ್ಲಿಂದಲೇ ಶುರು.

ನವರಾತ್ರಿ ಕಳೆದು ಒಸರು ನಿಂತ ಮೇಲೆ ಪಂಪನ್ನು ತಿಳಿನೀರಿನ ಬಕೆಟ್ಟಿನಲ್ಲಿ ಸ್ವಲ್ಪ ಹೊತ್ತು ಓಡಿಸಿ, ಒಣಗಿಸಿ, ಅಟ್ಟಕ್ಕೆ ಹಾಕುತ್ತೇವೆ. ಮೇ ಕೊನೆಗೆ ಬರುವ ಪತ್ತನಾಜೆಗೆ ಮೊದಲು ಇಳಿಸುತ್ತೇವೆ. ಪ್ಲಗ್ ಹಾಕುವ ಮೊದಲು ಇಂಪೆಲ್ಲರ್ ತಿರುಗುತ್ತದಾ ಎಂದು ಸ್ಕ್ರೂಡ್ರೈವರಿನಿಂದ ತಳ್ಳಿ ನೋಡಿ. ತಿಂಗಳುಗಟ್ಟಲೆ ಸುಮ್ನೆ ಕೂತ ಪಂಪು ತುಕ್ಕು ಹಿಡಿದು ಅಂಟಿಕೊಂಡಿದ್ದರೆ ಆನ್ ಮಾಡಿದ ಕೂಡಲೇ ವೈಂಡಿಂಗ್ ಸುಡಬಹುದು. ಆಗಾಗ ರಿವೈಂಡಿಂಗ್ ಅಂಗಡಿಯಲ್ಲಿ ಆಯಿಲ್ ನೋಡಿಸುತ್ತೇವೆ. ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ಸೀಲ್ ಹೋಗಿದೆ, ನೀರು ಸೇರಿದೆ. ಸೀಲ್ ಬದಲಿಸುವುದಕ್ಕೂ ಮೋಟಾರ್ ಕಟ್ಟಿಸುವುದಕ್ಕೂ ಖರ್ಚಿನಲ್ಲಿ ಅಜಗಜಾಂತರ.

ಪುನಃ ತಗೊಳ್ಳುವುದಾದರೆ ಇದೇ ಪಂಪು, ಆದರೆ ಫ್ಲೋಟ್ ಇಲ್ಲದ ಮಾಡೆಲ್. ಫ್ಲೋಟನ್ನು ಬೇರೆ ಕೊಂಡು ಬೇಕಾದ ಎತ್ತರಕ್ಕೆ ಕಟ್ಟಿಸುತ್ತೇನೆ. ಐದು ಅಂಕದಲ್ಲಿ ಪಂಪಿಗೆ ನಾಲ್ಕೂವರೆ, ಫ್ಲೋಟಿಗೆ ಒಂದು. ಬೇಸಿಗೆಯಲ್ಲಿ ಬಾವಿಯ ಕೆಸರು ತೆಗೆಸಲು ಪಕ್ಕದ ಮನೆಯವರು ಇದನ್ನು ಕೇಳಿ ಒಯ್ಯುತ್ತಾರೆ. ನಮ್ಮ ಕಂಡೀಷನ್ ಒಂದೇ, ತೊಳೆದು ಹಗ್ಗದ ಸಮೇತ ವಾಪಸ್ ಕೊಡಬೇಕು. ಕಳೆದ ಸಲ ಹಗ್ಗ ಬರಲಿಲ್ಲ.