ಸ್ಕ್ಯಾನರ್ ಕನೆಕ್ಟ್ ಆಗಲಿಲ್ಲ ಅಂತ ಇಸಿಎಂ ಬದಲಾಯಿಸೋಕೆ ಹೋಗಬೇಡಿ

ಹಳೇ ಕಾರು ಇಟ್ಟುಕೊಂಡವರಿಗೆ ಮೊದಲೇ ಹೇಳಿಬಿಡುತ್ತೇನೆ. ಕಾರಿನ ದೂರು ಓದುವ ಸ್ಕ್ಯಾನರ್ ಸಿಕ್ಕಿಸಿದಾಗ ಕನೆಕ್ಟ್ ಆಗದೆ, ಯಾರಾದರೂ “ನಿಮ್ಮ ಇಸಿಎಂ ಹೋಗಿದೆ” (ಇಸಿಎಂ ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್) ಅಂದರೆ, ದುಡ್ಡು ತೆಗೆಯುವ ಮುಂಚೆ ಒಂದೇ ಪ್ರಶ್ನೆ ಕೇಳಿ: “ಮತ್ತೆ ಗಾಡಿ ಹೆಂಗೆ ಸ್ಟಾರ್ಟ್ ಆಗ್ತಾ ಇದೆ?” ನಾನು ಕೇಳಲಿಲ್ಲ. ಹದಿನೈದು ದಿನ ಹೋಯಿತು, ಹತ್ತು ಸಾವಿರ ಚಿಲ್ಲರೆ ಹೋಯಿತು. ಮಾವನ ಮುಂದೆ ಮರ್ಯಾದೆ ಹೋಗಿದ್ದಕ್ಕೆ ಲೆಕ್ಕ ಇಲ್ಲ.

ಕಾರು ಮಾವನದು. 2004ರ ಸ್ಕೋಡಾ ಆಕ್ಟೇವಿಯಾ, ಡೀಸೆಲ್. ಮಂಡ್ಯದಲ್ಲಿ ಅವರ ಮನೆ ಮುಂದಿನ ಹೊಂಗೆ ಮರದ ಕೆಳಗೆ ನಿಂತು ನಿಂತು ಬಣ್ಣ ಮಾಸಿತ್ತು. “ನಂಗೆ ಇನ್ನು ಓಡ್ಸೋಕೆ ಆಗಲ್ಲಪ್ಪ, ನೀನೇ ತಗೊಂಡ್ಹೋಗು” ಅಂದರು. ಮೈಸೂರಿನ ಕುವೆಂಪುನಗರದ ನಮ್ಮ ಮನೆಗೆ ತರಲು ಹೊರಟೆ. ಎಕ್ಸ್‌ಪ್ರೆಸ್‌ವೇ ಬೇಡ, ಹಳೇ ಗಾಡಿ, ಸುಮ್ನೆ ಊರೊಳಗಿನ ರಸ್ತೆಯಲ್ಲೇ ನಿಧಾನಕ್ಕೆ ಹೋಗೋಣ ಅಂತ ಶ್ರೀರಂಗಪಟ್ಟಣದ ಕಡೆ ತಿರುಗಿಸಿದೆ. ಅಲ್ಲಿ ಎರಡು ಸಂಗತಿ ನಡೆದವು.

ಒಂದು, ಮೀಟರಿನಲ್ಲಿ ಸ್ಪ್ರಿಂಗ್ ಆಕಾರದ ಹಳದಿ ದೀಪ ಮಿನುಗಲು ಶುರುವಾಯಿತು. ಡೀಸೆಲ್ ಗಾಡಿಯಲ್ಲಿ ಕೀ ತಿರುಗಿಸಿದಾಗ ಒಂದು ಕ್ಷಣ ಹತ್ತಿ ಆರುತ್ತದಲ್ಲ, ಹೀಟರ್ ಪ್ಲಗ್ಗಿನ ದೀಪ, ಅದೇ. ಓಡುವಾಗ ಅದು ಮಿನುಗಿದರೆ ಇಂಜಿನ್ ಕಂಪ್ಯೂಟರ್ ಏನೋ ದೂರು ದಾಖಲಿಸಿಕೊಂಡಿದೆ ಅಂತ ಅರ್ಥ. ಇನ್ನೊಂದು, ಹಂಪ್ ಹತ್ತಿರ ಬ್ರೇಕ್ ಹಾಕಿದಾಗ ಹಿಂದಿನ ಟೆಂಪೋದವನು ಗುದ್ದುವಷ್ಟು ಹತ್ತಿರ ಬಂದು ನಿಂತ. ಆಮೇಲೆ ಪಕ್ಕಕ್ಕೆ ಬಂದು “ಲೈಟೇ ಇಲ್ವಲ್ರೀ!” ಅಂತ ಕೂಗಿ ಹೋದ. ಸಾಯಂಕಾಲ ನಾಲ್ಕೂವರೆ, ಒಳ್ಳೆ ಬಿಸಿಲು. ಇಷ್ಟು ಬೆಳಕಲ್ಲಿ ಯಾರು ಲೈಟ್ ಹಾಕ್ತಾರೆ, ತಲೆ ಕೆಟ್ಟಿರಬೇಕು ಅಂದುಕೊಂಡೆ. ಈ ಮಾತು ನೆನಪಿಟ್ಟುಕೊಳ್ಳಿ.

ಮನೆಗೆ ಬಂದು ಆನ್‌ಲೈನಲ್ಲಿ 650 ರೂಪಾಯಿಯ ಬ್ಲೂಟೂತ್ ರೀಡರ್, ಅಂದರೆ ಫೋನಿಗೆ ಜೋಡಿಸುವ ಪುಟ್ಟ ಸ್ಕ್ಯಾನರ್, ತರಿಸಿದೆ. ನೀಲಿ ಬಣ್ಣದ, ಬೆಂಕಿಪೊಟ್ಟಣದಷ್ಟು ದಪ್ಪದ ಡಬ್ಬಿ. ಸ್ಟೀರಿಂಗ್ ಕೆಳಗೆ ಹದಿನಾರು ಪಿನ್ನಿನ ಸಾಕೆಟ್ ಇತ್ತು, ಸಿಕ್ಕಿಸಿದೆ. ಕೆಂಪು ದೀಪ ಹತ್ತಿತು. ಫೋನಿಗೆ 1234 ಹೊಡೆದೆ, ಜೋಡಿ ಆಯಿತು. ಆಪ್ ತೆರೆದರೆ ಚಕ್ರ ಸುತ್ತಿ ಸುತ್ತಿ ಕೊನೆಗೆ “ಇಸಿಯು ಸಿಗುತ್ತಿಲ್ಲ” ಅನ್ನುವ ಸಂದೇಶ. ಇಸಿಯು ಅಂದರೂ ಅದೇ ಇಸಿಎಂ. ಕೀ ಆನ್ ಮಾಡಿ ನೋಡಿದೆ, ಇಂಜಿನ್ ಸ್ಟಾರ್ಟ್ ಮಾಡಿ ನೋಡಿದೆ, ಆಪ್ ಬದಲಾಯಿಸಿದೆ. ಊಹೂಂ.

ಇಲ್ಲಿಯೇ ನಾನು ದಾರಿ ತಪ್ಪಿದ್ದು. ರೀಡರ್ ಸರಿ ಇದೆಯೋ ಇಲ್ಲವೋ ನೋಡೋಣ ಅಂತ ಎದುರು ಮನೆಯವರ 2019ರ ಕಾರಿಗೆ ಸಿಕ್ಕಿಸಿದೆ. ಎರಡೇ ಸೆಕೆಂಡಿನಲ್ಲಿ ಕನೆಕ್ಟ್! ಆರ್‌ಪಿಎಂ, ಬಿಸಿ ಎಲ್ಲ ಪಟಪಟ ಅಂತ ಬಂತು. ಅಂದರೆ ರೀಡರ್ ಸರಿ ಇದೆ, ಮಾವನ ಕಾರೇ ಕೆಟ್ಟಿದೆ. ಎಷ್ಟು ಚೆಂದದ ತರ್ಕ, ಅಲ್ವಾ? ಪೂರ್ತಿ ತಪ್ಪು.

ಯಾಕೆ ತಪ್ಪು ಅಂತ ಆಮೇಲೆ ಗೊತ್ತಾಯಿತು. ಸಾಕೆಟ್ ಒಂದೇ ಆಕಾರದ್ದು, ಒಳಗೆ ಆಡುವ ಭಾಷೆ ಬೇರೆ. ಹೊಸ ಕಾರುಗಳು ಕ್ಯಾನ್ ಅನ್ನುವ ಭಾಷೆಯಲ್ಲಿ 6 ಮತ್ತು 14ನೇ ಪಿನ್ನಿನಲ್ಲಿ ಮಾತಾಡುತ್ತವೆ. ಹಳೇ ಕಾರುಗಳಲ್ಲಿ ಬಹಳಷ್ಟು 7ನೇ ಪಿನ್ನಿನ ಒಂಟಿ ತಂತಿಯಲ್ಲಿ ಮಾತಾಡುತ್ತವೆ, ಅದಕ್ಕೆ ಕೆ-ಲೈನ್ ಅನ್ನುತ್ತಾರೆ. ಅಗ್ಗದ ನಕಲಿ ರೀಡರುಗಳಲ್ಲಿ ಎಷ್ಟೋ ಸಲ ಕೆ-ಲೈನಿನ ಸರ್ಕ್ಯೂಟನ್ನೇ ಉಳಿತಾಯ ಮಾಡಿರುತ್ತಾರೆ. ಡಬ್ಬಿಯ ಮೇಲೆ ಮಾತ್ರ ಎಲ್ಲ ಕಾರಿಗೂ ಆಗುತ್ತೆ ಅಂತ ಅಚ್ಚು. ನನ್ನದರ ಮೇಲೆ ಒಳಗಿನ ಚಿಪ್ಪಿನ ಹೆಸರು “ಇಎಲ್‌ಎಂ327 ಆವೃತ್ತಿ 1.5” ಅಂತ ಇತ್ತು. ಆ ಚಿಪ್ ಮಾಡುತ್ತಿದ್ದ ಮೂಲ ಕಂಪನಿ 1.5 ಅನ್ನುವ ಆವೃತ್ತಿಯನ್ನು ಬಿಟ್ಟೇ ಇರಲಿಲ್ಲ!

ಇನ್ನೊಂದು ವಿಷಯ. ಅಮೆರಿಕದಲ್ಲಿ 1996ರ ಮಾಡೆಲ್‌ನಿಂದಲೇ ಓಬಿಡಿ-2 (ಎಲ್ಲ ಕಾರಿನ ದೂರನ್ನೂ ಒಂದೇ ರೀತಿ ಓದಲು ಮಾಡಿದ ಪದ್ಧತಿ) ಕಡ್ಡಾಯ. ಅಲ್ಲಿನ ವಿಡಿಯೋ ನೋಡಿ ನಾವೂ 1996ರ ನಂತರದ ಎಲ್ಲ ಕಾರಿಗೂ ಇದು ನಡೆಯುತ್ತೆ ಅಂದುಕೊಳ್ಳುತ್ತೇವೆ. ನಮ್ಮ ದೇಶದಲ್ಲಿ ಓಬಿಡಿ-2 ಕಡ್ಡಾಯವಾಗಿದ್ದು 2013ರ ಏಪ್ರಿಲ್‌ನಲ್ಲಿ. ಅದಕ್ಕೂ ಹಿಂದಿನ ಕಾರಿನಲ್ಲಿ ಹದಿನಾರು ಪಿನ್ನಿನ ಸಾಕೆಟ್ ಇದ್ದ ಮಾತ್ರಕ್ಕೆ ಎಲ್ಲರ ರೀಡರಿಗೂ ಉತ್ತರ ಕೊಡಲೇಬೇಕು ಅಂತೇನಿಲ್ಲ. ಕಂಪನಿಯ ಸ್ವಂತ ಭಾಷೆಯಲ್ಲಿ ಕೇಳಿದರೆ ಮಾತ್ರ ಬಾಯಿ ಬಿಡುವ ಕಾರುಗಳಿವೆ. ಮಾವನದು ಅಂಥದ್ದು.

ಇದೇನೂ ಗೊತ್ತಿಲ್ಲದ ನಾನು ಮೈಸೂರಿನ ಒಂದು ಗ್ಯಾರೇಜಿಗೆ ಹೋದೆ. ಹೆಸರು, ಜಾಗ ಬರೆಯುವುದಿಲ್ಲ. ಅವರು ಕಳ್ಳರು ಅಂತಲೂ ಹೇಳುವುದಿಲ್ಲ. ಅವರಿಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಅನ್ನಲು ಬಾಯಿ ಬರಲಿಲ್ಲ, ಅಷ್ಟೇ. ಟ್ಯಾಬ್ಲೆಟ್ ಥರದ ದೊಡ್ಡ ಸ್ಕ್ಯಾನರ್ ತಂದು ಸಿಕ್ಕಿಸಿದರು. ಅದೂ ಕನೆಕ್ಟ್ ಆಗಲಿಲ್ಲ. “ನಮ್ ಸ್ಕ್ಯಾನರ್‌ಗೇ ಬರ್ತಿಲ್ಲ ಅಂದ್ರೆ ಇಸಿಎಂ ಡೆಡ್ ಸಾರ್. ಹೊಸದು ಸಿಗಲ್ಲ. ಬೆಂಗಳೂರಿಂದ ಸೆಕೆಂಡ್ ಹ್ಯಾಂಡ್ ತರಿಸ್ಕೊಡ್ತೀವಿ, ಇಪ್ಪತ್ನಾಲ್ಕು ಸಾವಿರ ಆಗುತ್ತೆ.” ನಾನು ಆ ಕಾರನ್ನು ಓಡಿಸಿಕೊಂಡೇ ಅಲ್ಲಿಗೆ ಹೋಗಿದ್ದೆ. ಹತ್ತು ಸಾವಿರ ಅಡ್ವಾನ್ಸ್ ಕೊಟ್ಟು ಆಟೋ ಹತ್ತಿ ಮನೆಗೆ ಬಂದೆ!

ಒಂಬತ್ತನೇ ದಿನ ಫೋನ್ ಬಂತು. ಹೋಗಿ ನೋಡಿದರೆ ಬೇರೆ ಇಸಿಎಂ ಕೂರಿಸಿದ್ದಾರೆ. ಕೀ ತಿರುಗಿಸಿದರೆ ಇಂಜಿನ್ ಹತ್ತುತ್ತದೆ, ಒಂದೆರಡು ಸೆಕೆಂಡ್ ಗುರ್ ಅಂದು ಆರುತ್ತದೆ. ಮತ್ತೆ ತಿರುಗಿಸಿದರೂ ಅದೇ ಕಥೆ. ಇಮ್ಮೊಬಿಲೈಸರ್, ಅಂದರೆ ಕಳ್ಳತನ ತಡೆಯುವ ವ್ಯವಸ್ಥೆ, ಇರುವ ಕಾರಿನಲ್ಲಿ ಕೀ ಒಳಗಿನ ಚಿಪ್ಪಿಗೂ ಇಸಿಎಂಗೂ ಗುರುತು ಇರಬೇಕು. ಬೇರೆ ಕಾರಿನ ಇಸಿಎಂ ತಂದು ಕೂರಿಸಿದರೆ ಅದಕ್ಕೆ ನಮ್ಮ ಕೀ ಅಪರಿಚಿತ, ಕಳ್ಳ ಅಂತ ತಿಳಿದು ಇಂಜಿನ್ ಆರಿಸುತ್ತದೆ. “ಪ್ರೋಗ್ರಾಮಿಂಗ್ ಮಾಡಿಸ್ಬೇಕು ಸಾರ್, ಇನ್ನೊಂದು ಹನ್ನೆರಡು ಆಗುತ್ತೆ.” ಸಾವಿರ ಅನ್ನುವುದನ್ನು ಅವರು ನುಂಗಿದರು, ನನಗೆ ನುಂಗಲು ಆಗಲಿಲ್ಲ.

ಹಳೇದನ್ನೇ ವಾಪಸ್ ಕೂರಿಸಿ ಅಂದೆ. “ಸತ್ತಿರೋದನ್ನ ಕೂರ್ಸಿ ಏನ್ ಪ್ರಯೋಜನ ಸಾರ್?” ಅಂದರು. ಮಾತು ಬೆಳೆಯಿತು. ಮಾವನಿಗೆ ಫೋನ್ ಮಾಡಿದೆ. ಅವರು ಬೈಯಲಿಲ್ಲ, ಅದೇ ಜಾಸ್ತಿ ಚುಚ್ಚಿತು. “ಗಾಡಿನ ಇಲ್ಲಿಗೆ ಹಾಕ್ಕೊಂಡ್ ಬಾಪ್ಪ” ಅಂದರು. ಮೂರೂವರೆ ಸಾವಿರ ಕೊಟ್ಟು ಟೋಯಿಂಗ್ ಲಾರಿಯ ಮೇಲೆ ಏರಿಸಿದೆ. ಮೈಸೂರಿನಿಂದ ಮಂಡ್ಯದವರೆಗೆ ಲಾರಿಯ ಮುಂದಿನ ಸೀಟಿನಲ್ಲಿ, ಪೇಪರಿನಲ್ಲಿ ಸುತ್ತಿದ ಹಳೇ ಇಸಿಎಂ ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದೆ.

ಮಂಡ್ಯದಲ್ಲಿ ಮಾವನಿಗೆ ಗೊತ್ತಿರುವ ಒಬ್ಬರು ವೈರಿಂಗ್ ಕೆಲಸದವರಿದ್ದಾರೆ. ಅರವತ್ತು ದಾಟಿದೆ, ಲುಂಗಿ, ಜೇಬಿನಲ್ಲಿ ಟೆಸ್ಟರ್. ಮೊದಲು ಕೇಳಿದ್ದೇ ಅದು: “ಗ್ಯಾರೇಜಿಗೆ ಹೆಂಗ್ ತಗೊಂಡೋದ್ರಿ, ಎಳ್ಕೊಂಡೋ ಓಡ್ಸ್ಕೊಂಡೋ?”

“ಓಡಿಸ್ಕೊಂಡು.”

“ಮತ್ತೆ ಇಸಿಎಂ ಹೆಂಗೆ ಸತ್ತೋಗದೆ? ಡೀಸೆಲ್ ಪಂಪಿಗೆ ಲೆಕ್ಕ ಹೇಳೋದು ಅದೇ ಕನಪ್ಪ. ಅದು ಸತ್ರೆ ಗಾಡಿ ಗುರ್ ಅನ್ನಲ್ಲ.”

ವೈಪರ್ ಕೆಳಗಿನ ತೊಟ್ಟಿಯಲ್ಲಿ ಹೊಂಗೆ ಎಲೆ ತುಂಬಿತ್ತು. ಎಲೆ ಬಾಚಿ ತೆಗೆದು, ಬ್ಯಾಟರಿ ವೈರ್ ಬಿಚ್ಚಿ, ಹಳೇ ಇಸಿಎಂ ಅದರ ಜಾಗದಲ್ಲಿ ಕೂರಿಸಿ ತಂತಿಗಳ ಪ್ಲಗ್, ಅಂದರೆ ಕಪ್ಲರ್, ಲಾಕ್ ಮಾಡಿದರು. ಬ್ಯಾಟರಿ ಕೊಟ್ಟು ಕೀ ತಿರುಗಿಸಿದರು. ಒಂದೇ ಸಲಕ್ಕೆ ಸ್ಟಾರ್ಟ್.

ಅವರ ಹತ್ತಿರ ಹಳೇ ಲ್ಯಾಪ್‌ಟಾಪ್, ಸ್ಕೋಡಾ ಸೇರಿರುವ ಫೋಕ್ಸ್‌ವ್ಯಾಗನ್ ಗುಂಪಿನ ಕಾರುಗಳಿಗಾಗಿಯೇ ಇರುವ ಕೆ-ಲೈನ್ ಯುಎಸ್‌ಬಿ ಕೇಬಲ್ ಇತ್ತು. ಸಿಕ್ಕಿಸಿದರು. ಅದೂ ಕನೆಕ್ಟ್ ಆಗಲಿಲ್ಲ. ನನ್ನ ಎದೆ ಧಸಕ್ ಅಂತು. ಅವರು ಮಾತ್ರ ಬೀಡಿ ಹಚ್ಚಿಕೊಂಡು, ಕೀ ಆಫ್ ಮಾಡಿ, ಕರೆಂಟ್ ಪರೀಕ್ಷೆ ಮಾಡುವ ಮಲ್ಟಿಮೀಟರ್ ಕೈಗೆತ್ತಿಕೊಂಡರು. ಒಂದು ಕಡ್ಡಿ 4ನೇ ಪಿನ್ನಿಗೆ, ಅದು ಅರ್ತ್. ಇನ್ನೊಂದು 7ಕ್ಕೆ. ಮೀಟರ್ ಬೀಪ್ ಅಂತ ಎಳೆದು ಕೂಗಿತು. ಮಾತಾಡಬೇಕಾದ ತಂತಿ ನೇರವಾಗಿ ಅರ್ತ್ ಆಗಿದೆ. ಬಾಯಿಗೆ ಬಟ್ಟೆ ತುರುಕಿದ ಹಾಗೆ.

“ಸ್ಟೀರಿಯೋ ಕಂಪನಿದಲ್ಲ ಅಲ್ವಾ? ಯಾವಾಗ ಹಾಕ್ಸಿದ್ರಿ?” ಅಂತ ಮಾವನನ್ನು ಕೇಳಿದರು.

ಕಳೆದ ದೀಪಾವಳಿಗೆ. ದೊಡ್ಡ ಪರದೆಯದ್ದು, ಆಕ್ಸೆಸರಿ ಅಂಗಡಿಯಲ್ಲಿ. ಫೋಕ್ಸ್‌ವ್ಯಾಗನ್ ಗುಂಪಿನ ಆ ಕಾಲದ ಕಾರುಗಳಲ್ಲಿ ಕಂಪನಿಯ ರೇಡಿಯೋವನ್ನೂ ಸ್ಕ್ಯಾನರಿನಿಂದ ಪರೀಕ್ಷೆ ಮಾಡಬಹುದಿತ್ತು. ಅದಕ್ಕಾಗಿ ಕೆ-ಲೈನಿನ ಒಂದು ಎಳೆ ರೇಡಿಯೋ ಹಿಂದಿನ ಕಪ್ಲರಿಗೆ ಬಂದಿರುತ್ತದೆ. ಹೊರಗಿನ ಸ್ಟೀರಿಯೋದಲ್ಲಿ ಅದೇ ಪಿನ್ನಿಗೆ ಬೇರೆ ಕೆಲಸ ಇರುತ್ತದೆ, ಕೆಲವದರಲ್ಲಿ ಅರ್ತ್ ಆಗಿಬಿಡುತ್ತದೆ. ಅಡಾಪ್ಟರ್ ಇಲ್ಲದೆ ನೇರ ಸಿಕ್ಕಿಸಿದರೆ ಹಾಡು ಚೆನ್ನಾಗಿ ಬರುತ್ತದೆ, ಕಾರು ಸ್ಕ್ಯಾನರಿಗೆ ಮೂಕ ಆಗುತ್ತದೆ. ಯಾರಿಗೂ ವರ್ಷಗಟ್ಟಲೆ ಗೊತ್ತಾಗುವುದಿಲ್ಲ.

ಸ್ಟೀರಿಯೋ ಎಳೆದು ಕಪ್ಲರ್ ಬಿಚ್ಚಿದರು. ಬೀಪ್ ನಿಂತಿತು. ಆ ಒಂದು ಪಿನ್ನನ್ನು ಸೂಜಿಯಿಂದ ಕಪ್ಲರಿನಿಂದ ಹೊರಗೆಳೆದು ಟೇಪ್ ಸುತ್ತಿ, ಸ್ಟೀರಿಯೋ ವಾಪಸ್ ಕೂರಿಸಿದರು. ಲ್ಯಾಪ್‌ಟಾಪ್ ಈಗ ಕನೆಕ್ಟ್ ಆಯಿತು. ನಿಧಾನಕ್ಕೆ. ಹಳೇ ಪದ್ಧತಿಯಲ್ಲಿ ಕಾರನ್ನು ಎಬ್ಬಿಸುವ ಮೊದಲ ಸಂಕೇತವೇ ಎರಡು ಸೆಕೆಂಡ್ ಹಿಡಿಯುತ್ತದೆ. ಆಮೇಲೆ ಪರದೆ ಮೇಲೆ ಒಂದೇ ಒಂದು ದೂರು: 16955, ಬ್ರೇಕ್ ಸ್ವಿಚ್, ಸಿಗ್ನಲ್ ತಾಳೆಯಾಗುತ್ತಿಲ್ಲ.

ಬ್ರೇಕ್ ಪೆಡಲ್ ಮೇಲಿನ ಆ ಪುಟ್ಟ ಸ್ವಿಚ್ಚಿನ ಒಳಗೆ ಎರಡು ಸಂಪರ್ಕ ಇರುತ್ತವೆ. ಒಂದು ಹಿಂದಿನ ಬ್ರೇಕ್ ಲೈಟಿಗೆ, ಇನ್ನೊಂದು ಬ್ರೇಕ್ ಒತ್ತಿದ್ದನ್ನು ಇಂಜಿನ್ ಕಂಪ್ಯೂಟರಿಗೆ ತಿಳಿಸಲು. ಎರಡೂ ಹೇಳುವುದು ಒಂದಕ್ಕೊಂದು ಹೊಂದದಿದ್ದರೆ ಆ ಸ್ಪ್ರಿಂಗ್ ದೀಪ ಮಿನುಗುತ್ತದೆ. “ಬ್ರೇಕ್ ಒತ್ತಿ” ಅಂತ ಹಿಂದೆ ಹೋಗಿ ನಿಂತರು. ಒತ್ತಿದೆ. ಕನ್ನಡಿಯಲ್ಲಿ ಅವರ ಮುಖ ನೋಡಿದೆ, ತಲೆ ಅಡ್ಡಡ್ಡ ಆಡಿಸುತ್ತಿದ್ದರು. ಟೆಂಪೋದವನು ಹೇಳಿದ್ದು ಹೆಡ್‌ಲೈಟ್ ಅಲ್ಲ! ಅವನು ಶ್ರೀರಂಗಪಟ್ಟಣದಲ್ಲಿ ಪುಕ್ಕಟೆ ಹೇಳಿದ್ದನ್ನು ನಾನು ಹತ್ತು ಸಾವಿರ ಕೊಟ್ಟು ತಿಳಿದುಕೊಂಡೆ. ಅದೂ ಬ್ರೇಕ್ ಲೈಟ್ ಇಲ್ಲದ ಕಾರಿನಲ್ಲಿ ಊರೆಲ್ಲ ಓಡಾಡಿ.

ಸ್ವಿಚ್ಚಿಗೆ 350 ರೂಪಾಯಿ. ಅವರ ಕೂಲಿ 900, ಅದೂ ಮಾವ ಒತ್ತಾಯ ಮಾಡಿದ್ದಕ್ಕೆ. ಕುತೂಹಲಕ್ಕೆ ನನ್ನ ನೀಲಿ ಡಬ್ಬಿಯನ್ನೂ ಮತ್ತೆ ಸಿಕ್ಕಿಸಿ ನೋಡಿದೆ. ಚಕ್ರ ಸುತ್ತಿತು, ಅಷ್ಟೇ. ಅಂದರೆ ನನ್ನ ಕಾರಿನಲ್ಲಿ ಎರಡು ಬೀಗ ಇದ್ದವು. ಒಂದು ಸ್ಟೀರಿಯೋದ್ದು, ಇನ್ನೊಂದು ಭಾಷೆಯದ್ದು. ಇಸಿಎಂ ಪಾಪ ಎರಡರ ಹಿಂದೆ ಆರಾಮಾಗಿ ಕೆಲಸ ಮಾಡುತ್ತಿತ್ತು.

ನಿಮಗೆ ಇದೇ ಪರಿಸ್ಥಿತಿ ಬಂದರೆ ಗ್ಯಾರೇಜಿಗೆ ಹೋಗುವ ಮುಂಚೆ ಒಂದು ಟಾರ್ಚ್ ಹಿಡಿದು ಸಾಕೆಟ್ ಒಳಗೆ ನೋಡಿ. ಹದಿನಾರು ಕಿಂಡಿಯಲ್ಲಿ ಎಲ್ಲದರಲ್ಲೂ ಲೋಹ ಇರುವುದಿಲ್ಲ. 6 ಮತ್ತು 14ರಲ್ಲಿ ಲೋಹ ಇಲ್ಲದೆ 7ರಲ್ಲಿ ಇದ್ದರೆ ನಿಮ್ಮದು ಕೆ-ಲೈನ್ ಕಾರು ಇರಬಹುದು, ಅಗ್ಗದ ರೀಡರ್ ಮೇಲೆ ಆಸೆ ಬಿಡಿ. ರೀಡರಿನ ದೀಪವೇ ಹತ್ತದಿದ್ದರೆ ಅದು ಬೇರೆ ಕಥೆ, ಬಹಳ ಸಲ ಬರೀ ಫ್ಯೂಸ್. 16ನೇ ಪಿನ್ನಿಗೆ ಬ್ಯಾಟರಿಯಿಂದ ನೇರ ಕರೆಂಟ್ ಬರುತ್ತದೆ, ಎಷ್ಟೋ ಕಾರಿನಲ್ಲಿ ಸಿಗರೇಟ್ ಲೈಟರಿಗೂ ಅದಕ್ಕೂ ಒಂದೇ ಫ್ಯೂಸ್. ಚಾರ್ಜರ್ ಸಿಕ್ಕಿಸಿ ಅದು ಸುಟ್ಟಿರುತ್ತದೆ. ಮೀಟರ್ ಇದ್ದರೆ 4 ಮತ್ತು 16ರ ನಡುವೆ ಹನ್ನೆರಡು ವೋಲ್ಟ್ ಮೇಲೆ ಬರಬೇಕು. ಮೀಟರನ್ನು ವೋಲ್ಟಿಗೆ ಇಟ್ಟೇ ನೋಡಿ, ಬೀಪ್ ಕಡೆ ಇಟ್ಟು 16ನ್ನು ಮುಟ್ಟಬೇಡಿ. ಐಫೋನ್ ಇರುವವರಿಗೆ ಇನ್ನೊಂದು ತಲೆನೋವು. ಹಳೇ ಥರದ ಬ್ಲೂಟೂತ್ ರೀಡರ್ ಅದಕ್ಕೆ ಹೊಂದುವುದಿಲ್ಲ. ವೈಫೈ ಅಥವಾ ಬಿಎಲ್‌ಇ (ಹೊಸ ಥರದ, ಕಡಿಮೆ ಕರೆಂಟಿನ ಬ್ಲೂಟೂತ್) ಇರುವುದೇ ಬೇಕು.

ಸ್ಟೀರಿಯೋ, ಅಲಾರಂ, ಸೆಂಟ್ರಲ್ ಲಾಕ್, ಜಿಪಿಎಸ್ ಏನಾದರೂ ಹೊರಗೆ ಹಾಕಿಸಿದ್ದರೆ ಮೊದಲು ಅದರ ಕಪ್ಲರ್ ಬಿಚ್ಚಿ ಒಮ್ಮೆ ಪ್ರಯತ್ನಿಸಿ. ಕಾಸು ಖರ್ಚಿಲ್ಲ. ಮತ್ತೆ ಗ್ಯಾರೇಜಿನವರು ಇಸಿಎಂ ಬಿಚ್ಚುತ್ತೇವೆ ಅಂದರೆ, ಯಾವ ಮೀಟರ್ ಪರೀಕ್ಷೆ ಮಾಡಿದಿರಿ, ಕೀ ಹೊಂದಿಸುವ ಖರ್ಚು ಸೇರಿ ಒಟ್ಟು ಎಷ್ಟು, ಆಗದಿದ್ದರೆ ಅಡ್ವಾನ್ಸ್ ವಾಪಸಾ ಅಂತ ಬರೆಸಿಕೊಳ್ಳಿ. ನಾನು ಬರೆಸಿಕೊಂಡಿರಲಿಲ್ಲ. ಮೂರು ಸಲ ಹೋಗಿ ನಿಂತಿದ್ದಕ್ಕೆ ಹತ್ತರಲ್ಲಿ ನಾಲ್ಕು ಸಾವಿರ ಬಂತು. ಉಳಿದದ್ದು “ತರಿಸಿದ ಖರ್ಚು, ಲೇಬರ್” ಅಂತೆ.

ಕಾರು ಈಗ ಕುವೆಂಪುನಗರದಲ್ಲಿದೆ. ಹೋದ ಭಾನುವಾರ ಮಾವ ಬಂದಿದ್ದರು. ಹೊರಡುವಾಗ ನಾನು ಸ್ಟಾರ್ಟ್ ಮಾಡಿದರೆ ಅವರು ಹತ್ತಲೇ ಇಲ್ಲ. ಕೈ ಹಿಂದೆ ಕಟ್ಟಿಕೊಂಡು ಡಿಕ್ಕಿ ಹಿಂದೆ ಹೋಗಿ ನಿಂತು, “ಒತ್ತಪ್ಪ” ಅಂದರು.