40 ಜನರ ಮುಸುರೆಗೆ ಯಾವ ಡಿಶ್‌ವಾಶರ್?

ನಮ್ಮದು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್. ಇಲ್ಲಿನ ಹಿರಿಯರಿಗಾಗಿ ಕ್ಲಬ್‌ಹೌಸ್ ಅಡುಗೆಮನೆಯಲ್ಲಿ ದಿನಾ ಮಧ್ಯಾಹ್ನದ ಅಡುಗೆ ಆಗುತ್ತದೆ. ಸುಮಾರು 40 ಜನ ಒಟ್ಟಿಗೆ ಕೂತು ಉಣ್ಣುತ್ತಾರೆ. 40 ತಟ್ಟೆ, ಅದರ ಎರಡರಷ್ಟು ಬಟ್ಟಲು, ಮೇಲೆ ಲೋಟ, ಚಮಚ. ಮುಸುರೆ ತಿಕ್ಕುವ ಅಕ್ಕನ ಬೆರಳ ಸಂದಿಯಲ್ಲಿ ಚರ್ಮ ಒಡೆದು ಉರಿಯುತ್ತಿತ್ತು. ಅದನ್ನು ನೋಡಿಯೂ ಕೈತೊಳೆದು ಎದ್ದು ಹೋಗುವುದು ಸರಿಯಲ್ಲ ಅನ್ನಿಸಿತು. ಮಷೀನು ತರೋಣ ಎಂದು ಎಲ್ಲರೂ ಒಪ್ಪಿದರು. ಮನೆಗೆ ತರುವಂಥದ್ದೋ, ಹೋಟೆಲಿನವರು ಇಟ್ಟುಕೊಳ್ಳುವಂಥದ್ದೋ ಎಂಬಲ್ಲಿ ಮಾತು ನಿಂತಿತು. ಹಾಗಾಗಿ ಎರಡನ್ನೂ ಬಳಸಿ ನೋಡಿದೆವು.

ಮೊದಲು ಮನೆಯ ಮಷೀನು. ಇಲ್ಲಿನ ಒಬ್ಬರು ತಮ್ಮದನ್ನೇ ಕೆಲವು ವಾರ ಬಿಟ್ಟುಕೊಟ್ಟರು. 13 ಜನರ ಪಾತ್ರೆ ಹಿಡಿಸುವ ಅಳತೆಯದು. ಈ ಲೆಕ್ಕ ತೆಳು ಪಿಂಗಾಣಿ ತಟ್ಟೆಗಳದ್ದು. ಅಂಚು ಎತ್ತರಿಸಿದ ನಮ್ಮ ಸ್ಟೀಲ್ ತಟ್ಟೆ ಇಟ್ಟರೆ ಒಂದು ಸಂದು ಬಿಟ್ಟು ಇನ್ನೊಂದರಲ್ಲಿ ಜೋಡಿಸಬೇಕಾಗುತ್ತದೆ. ಒಂದು ಊಟದ ಮುಸುರೆಗೆ ಮೂರು ಸಲವಾದರೂ ತುಂಬಬೇಕು. ಇಕೋ ಪ್ರೋಗ್ರಾಂ ನೀರನ್ನೇನೋ ಉಳಿಸುತ್ತದೆ, ಒಂದು ಸಲಕ್ಕೆ 10 ಲೀಟರ್ ಆಸುಪಾಸು ಸಾಕು. ಆದರೆ ಅದು ಮುಗಿಯಲು ಮೂರು ಗಂಟೆಗಿಂತ ಜಾಸ್ತಿ ಬೇಕು. ಮೂರನೇ ಸಲದ್ದು ಮುಗಿಯುವಾಗ ರಾತ್ರಿ! ಬೇಗ ಮುಗಿಯುವ ಪ್ರೋಗ್ರಾಂ ಹಾಕಿದರೆ ಒಣಗಿದ ಮುದ್ದೆ ತಟ್ಟೆಯಲ್ಲೇ ಅಂಟಿಕೊಂಡಿರುತ್ತಿತ್ತು.

ಅದರ ಒಂದು ಗುಣ ಮಾತ್ರ ನನಗೆ ತುಂಬಾ ಹಿಡಿಸಿತು. ಅದು ಕೊಳೆನೀರನ್ನು ನಡುನಡುವೆ ಹೊರಗೆ ಬಿಟ್ಟು ಹೊಸ ನೀರು ತುಂಬಿಕೊಳ್ಳುತ್ತದೆ. ಎಂಜಲು ಬಳಿದು ಹಾಕಿದರೆ ಸಾಕು, ಮೊದಲೇ ತೊಳೆದಿಡಬೇಕಿಲ್ಲ. ಒಳಗೇ ಉಪ್ಪು ಹಾಕುವ ಡಬ್ಬಿ ಇದೆ. ಗಡಸು ನೀರನ್ನು ಮೆದು ಮಾಡುವ ರಾಳ ಆ ಉಪ್ಪಿನಿಂದ ಮತ್ತೆ ಕೆಲಸಕ್ಕೆ ಸಿದ್ಧವಾಗುತ್ತದೆ. ಕಾವೇರಿ ನೀರಿನ ಜೊತೆ ಬೋರ್‌ವೆಲ್ ನೀರನ್ನೂ ಬೆರೆಸುವ ನಮ್ಮಂಥ ಕಡೆ ಇದು ಸಣ್ಣ ವಿಷಯವಲ್ಲ. ಇಲ್ಲದಿದ್ದರೆ ಲೋಟಗಳ ಮೇಲೆಲ್ಲಾ ಬಿಳಿ ಕಲೆ.

ಹೋಟೆಲ್ ಬಗೆಯದನ್ನು ಡೀಲರೊಬ್ಬರು ಪರೀಕ್ಷೆಗೆ ತಂದಿಟ್ಟರು. ಅಡುಗೆ ಕಟ್ಟೆಯ ಕೆಳಗೆ ಕೂರುವ ಚಿಕ್ಕ ಮಾದರಿ. 50 ಸೆಂಟಿಮೀಟರ್ ಚೌಕದ ಪ್ಲಾಸ್ಟಿಕ್ ರ‍್ಯಾಕಿನಲ್ಲಿ ತಟ್ಟೆ ಜೋಡಿಸಿ ತಳ್ಳಿದರೆ ಎರಡು ಮೂರು ನಿಮಿಷದಲ್ಲಿ ಹೊರಗೆ! ತೊಳೆಯುವ ನೀರು ಸುಮಾರು 60 ಡಿಗ್ರಿ, ಕೊನೆಯಲ್ಲಿ ಜಾಲಿಸುವ ನೀರು 80 ಡಿಗ್ರಿ ದಾಟಿರುತ್ತದೆ. ತಟ್ಟೆಯನ್ನು ಬರಿಗೈಲಿ ಹಿಡಿಯಲಾಗದಷ್ಟು ಬಿಸಿ. ರ‍್ಯಾಕನ್ನು ಸ್ವಲ್ಪ ಹೊತ್ತು ಹೊರಗಿಟ್ಟರೆ ಹೆಚ್ಚಿನದು ತಾನೇ ಆರುತ್ತದೆ. ತಳದಲ್ಲಿ ಗುಳಿಯಿರುವ ಲೋಟಗಳಲ್ಲಿ ಮಾತ್ರ ನೀರು ನಿಲ್ಲುತ್ತದೆ, ಓರೆಯಾಗಿ ಇಡಬೇಕು. ಊಟದವರು ಇನ್ನೂ ಮಜ್ಜಿಗೆ ಕುಡಿಯುತ್ತಿರುವಾಗಲೇ ಮೊದಲು ಉಂಡು ಎದ್ದವರ ತಟ್ಟೆಗಳು ಕಪಾಟಿಗೆ ಸೇರುತ್ತಿದ್ದವು.

ಆದರೆ ಈ ಮಷೀನು ಅಜಾಗ್ರತೆಯನ್ನು ಸಹಿಸುವುದಿಲ್ಲ. ತೊಟ್ಟಿಯಲ್ಲಿ ತುಂಬಿಟ್ಟ ಅದೇ ನೀರನ್ನು ರ‍್ಯಾಕಿನ ಮೇಲೆ ರ‍್ಯಾಕಿಗೆ ಬಳಸುತ್ತದೆ. ಪ್ರತಿ ಸಲ ಹೊಸದಾಗಿ ಸೇರುವುದು ಜಾಲಿಸುವ ಸುಮಾರು ಮೂರು ಲೀಟರ್ ಮಾತ್ರ. ಅನ್ನದ ಅಗುಳು ಉಳಿದ ತಟ್ಟೆ ಹಾಕಿದರೆ ಸಾರಿನ ಜಿಡ್ಡೆಲ್ಲ ಮುಂದಿನ ತಟ್ಟೆಗೆ. ಆದ್ದರಿಂದ ಸಿಂಕಿನ ಮೇಲೆ ಜೋರಾಗಿ ನೀರು ಹಾಯಿಸುವ ಸ್ಪ್ರೇ ಬೇಕೇ ಬೇಕು. ಆ ನೀರನ್ನೂ ಲೆಕ್ಕಕ್ಕೆ ಹಿಡಿಯಿರಿ. ಕರಪತ್ರದಲ್ಲಿ ಬರೆದ ಮೂರು ಲೀಟರ್ ನೋಡಿ ನೀರು ಉಳಿಯಿತು ಎಂದುಕೊಳ್ಳಬೇಡಿ. ನಮಗೆ ತಂದ ಮಾದರಿಯಲ್ಲಿ ನೀರು ಮೆದು ಮಾಡುವ ವ್ಯವಸ್ಥೆಯೂ ಇರಲಿಲ್ಲ, ಹೊರಗೆ ಬೇರೆ ಸಾಫ್ಟ್‌ನರ್ ಹಾಕಿಸಬೇಕು. ಇದರ ಸೋಪಿನ ದ್ರವ ಚರ್ಮ ಸುಡುವಂಥ ಕ್ಷಾರದ್ದು, ಕೈಗವಸು ಇಲ್ಲದೆ ಕ್ಯಾನು ಮುಟ್ಟಬಾರದು.

ಎರಡರಲ್ಲೂ ಅಲ್ಯೂಮಿನಿಯಂ ಪಾತ್ರೆ ಕಪ್ಪಗಾಗುತ್ತದೆ. ಕೊಳಗ, ದೊಡ್ಡ ಬಾಣಲೆ ಎರಡಕ್ಕೂ ಹಿಡಿಸುವುದಿಲ್ಲ, ಅವನ್ನು ಕೈಯಲ್ಲೇ ತೊಳೆಯಬೇಕು. ಕೈಯಲ್ಲಿ ತಿಕ್ಕುವ ಸೋಪನ್ನು ಯಾವುದಕ್ಕೂ ಹಾಕಬೇಡಿ, ನೊರೆ ಉಕ್ಕಿ ಮಷೀನು ಕೆಡಬಹುದು.

ನನ್ನ ಮತ ಹೋಟೆಲ್ ಬಗೆಯದಕ್ಕೆ. ಎಲ್ಲರೂ ಒಂದೇ ಹೊತ್ತಿಗೆ ಉಣ್ಣುವ ಕಡೆ ನೀರು, ಕರೆಂಟಿಗಿಂತ ಮೊದಲು ನೋಡಬೇಕಾದ್ದು ಹೊತ್ತು. ಅಕ್ಕನ ಮಾತೂ ಅದೇ ಆಗಿತ್ತು. ಬೆಲೆ ಹಲವು ಪಟ್ಟು ಎಂದು ಕೆಲವರು ಹಿಂಜರಿದಾಗ, "ಅದರಲ್ಲಾದ್ರೆ ಮೂರು ಗಂಟೆಗೆ ಮನೆಗೆ ಹೋಗ್ತೀನಿ ಸಾರ್" ಎಂದರು. ದಿನಾ ಬಳಸುವವರ ಮಾತಿಗಿಂತ ದೊಡ್ಡ ಲೆಕ್ಕ ಇನ್ನೇನಿದೆ ಅಲ್ವಾ? ಮೇಲಾಗಿ ಮನೆಯ ಮಷೀನಿನ ವಾರಂಟಿ ಸಾಮಾನ್ಯವಾಗಿ ಮನೆಬಳಕೆಗೆ ಮಾತ್ರ. ಆದರೆ ನಿಮ್ಮಲ್ಲಿ ಕೆಲಸಕ್ಕೆ ಯಾರೂ ಇಲ್ಲದೆ, ಒಂದೊಂದು ಮನೆಯವರು ಒಂದೊಂದು ಹೊತ್ತಿಗೆ ಬಂದು ಅಡುಗೆ ಮಾಡುವುದಾದರೆ ಮನೆಯದ್ದೇ ತನ್ನಿ. ವಾರಂಟಿ ಬಗ್ಗೆ ಬರೆದು ಕೇಳಿ. ಫಿಲ್ಟರ್ ತೊಳೆಯುವುದು ಯಾರು ಎಂದು ಮೊದಲೇ ಗೊತ್ತುಮಾಡಿಕೊಳ್ಳಿ.

ಹೋಟೆಲಿನದನ್ನು ಆರಿಸುವವರು ಎಲೆಕ್ಟ್ರಿಷಿಯನ್ ಅನ್ನು ಕರೆಸಿದ ಮೇಲೇ ಮುಂಗಡ ಕೊಡಿ. ಮನೆಯದಕ್ಕೆ 16 ಆಂಪಿಯರ್ ಪ್ಲಗ್ ಸಾಕು. ಹೋಟೆಲಿನದು ಹಲವು ಮಾದರಿಗಳಲ್ಲಿ 5-6 ಕಿಲೋವ್ಯಾಟ್ ಎಳೆಯುತ್ತದೆ, ಬೇರೆ ಲೈನು, ಬೇರೆ ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಕರೆಂಟ್ ಕಡಿಯುವ ಸ್ವಿಚ್) ಬೇಕು. ಮಂಜೂರಾದ ಲೋಡ್ ಸಾಲುತ್ತದೆಯೇ, ಜನರೇಟರ್ ತಡೆಯುತ್ತದೆಯೇ ಕೇಳಿ. ಡೀಲರ್ ಹತ್ತಿರ ಹೋಗುವಾಗ ನಿಮ್ಮ ಅತಿ ದೊಡ್ಡ ತಟ್ಟೆಯನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ, ರ‍್ಯಾಕಿನಲ್ಲಿ ನಿಲ್ಲಿಸಿ ಬಾಗಿಲು ಮುಚ್ಚಿ ನೋಡಿ. ಚಿಕ್ಕ ಮಾದರಿಗಳಲ್ಲಿ ಬಾಗಿಲಿನ ಎತ್ತರ ನಮ್ಮ ಊಟದ ತಟ್ಟೆಗೆ ಸಾಲದೇ ಹೋಗಬಹುದು.